ಇನಿಷಿಯಲ್ ಹತ್ತಿದ ವಿಮಾನ

ಇಷ್ಟಕ್ಕೆಲ್ಲ ಕಾರಣ ಎರಡು ಪುಟ್ಟ ಚೌಕಗಳು. ವಿಮಾನದ ಟಿಕೆಟ್ ತೆಗೆಯುವಾಗ ಕಂಪ್ಯೂಟರಿನಲ್ಲಿ ಮೊದಲ ಹೆಸರಿಗೆ ಒಂದು, ಕೊನೆಯ ಹೆಸರಿಗೆ ಒಂದು ಚೌಕ ಕಾಣಿಸಿದ್ದವು. ಹುಟ್ಟಿದಾಗಿನಿಂದ ಹೆಸರಿನ ಮುಂದೆ ಇನಿಷಿಯಲ್ ಹಾಕಿಕೊಂಡು ಬಂದವಳು ಅವಳು. ಇನಿಷಿಯಲ್ ಎಂದರೆ ಅಪ್ಪನ ಹೆಸರು. ಅದು ಮೊದಲು ಬರುತ್ತದೆ. ಆದ್ದರಿಂದ ಮೊದಲ ಚೌಕದಲ್ಲಿ ಅಪ್ಪನ ಹೆಸರನ್ನು ಪೂರ್ತಿ ಬಿಡಿಸಿ ಬರೆದು, ಎರಡನೆಯದರಲ್ಲಿ ತನ್ನದನ್ನು ಬರೆದಳು. ಪಾಸ್‌ಪೋರ್ಟಿನಲ್ಲಿ ಎರಡೂ ಹೆಸರು ಇದ್ದುದರಿಂದ ವಿಮಾನ ನಿಲ್ದಾಣದಲ್ಲಿ ಯಾರೂ ಪ್ರಶ್ನಿಸಲಿಲ್ಲ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಪಾಪ ಎನ್ನಬಹುದಿತ್ತು. ಅವಳ ಕಸುಬೇ ತಪ್ಪು ಹುಡುಕುವುದು. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಹದಿನಾರು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದಳು. ಏನು ಕೇಳಿದರೂ ಒಂದು ಗಳಿಗೆ ತಡೆದು, ಮೂರು ಬಗೆಯಲ್ಲಿ ಯೋಚಿಸಿ, ನಾಲ್ಕನೆಯ ಬಗೆಯಲ್ಲಿ ಉತ್ತರ ಕೊಡುತ್ತಾಳೆಂದು ಅಲ್ಲಿಯವರು ಅವಳಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು.

ಆ ಟಿಕೆಟ್ಟಿನಲ್ಲಿ ಅಲ್ಪವಿರಾಮ ಪರದೇಶದಲ್ಲಿರುವ ತಂಗಿಯ ಹೆರಿಗೆಗೆ ಹೋಗಿದ್ದಳು. ವಿಮಾನ ಏಳು ಗಂಟೆ ತಡವಾಯಿತು. ಅವಳು ಆಸ್ಪತ್ರೆಗೆ ಓಡುವಷ್ಟರಲ್ಲಿ ಮಗು ಹುಟ್ಟಿ, ಹಾಲು ಕುಡಿದು, ನಿದ್ದೆ ಹೋಗಿತ್ತು. “ಒಂಬತ್ತು ತಿಂಗಳ ದಾರಿ, ಮಗುನೇ ಹೊತ್ತಿಗೆ ಸರಿಯಾಗಿ ಬಂತು. ನಿನಗೆ ಒಂದು ದಿನದ ದಾರಿ ಆಗಲಿಲ್ಲ ಅಲ್ವೇನೇ ಅಕ್ಕ?” ಎಂದಿದ್ದಳು ತಂಗಿ. ನಾಲ್ಕು ದಿನದ ರಜೆಯಲ್ಲಿ ಮಗು ಕಣ್ಣರಳಿಸಿ ನೋಡಿದ್ದು ಎರಡೇ ಸಲ. ಎರಡು ಸಲವೂ ಗೋಡೆಯನ್ನು. ಈಗ ಅದು ಅಂಬೆಗಾಲಿಡುತ್ತಿತ್ತು. ನಡೆಯುವುದರೊಳಗೆ ಇನ್ನೊಮ್ಮೆ ಹೋಗಿ ಎತ್ತಿಕೊಳ್ಳಬೇಕೆಂಬುದು ಅವಳ ಆಸೆ. ತಡ ಮಾಡಿದ್ದಕ್ಕೆ ವಿಮಾನದವರು ಕೊಡಬೇಕಾದ ಪರಿಹಾರ ಸಿಕ್ಕರೆ ಹೋಗಿಬರುವ ಖರ್ಚಿಗೆ ಸರಿಹೋಗುತ್ತಿತ್ತು. ಸಿಗದಿದ್ದರೆ, ಅವಳ ಸಂಬಳದಲ್ಲಿ, ಮಗು ಕಾಲೇಜು ಸೇರುವ ಹೊತ್ತಿಗೆ ಹೋಗಬಹುದಿತ್ತು.

ಆ ದಿನ ಬೆಳಿಗ್ಗೆ ಪ್ರೆಸ್ಸಿನಲ್ಲಿ ಕೂತು, ಬೇಡದ ಮೇಲ್‌ಗಳನ್ನು ಅಳಿಸುತ್ತಿದ್ದಾಗ ಪರಿಹಾರದ ಪತ್ರ ಸಿಕ್ಕಿತು. ಬಂದು ಇಪ್ಪತ್ತೇಳು ದಿನವಾಗಿತ್ತು. ಅದರಲ್ಲಿ ಅಪ್ಪನ ಹೆಸರಿಗೆ ‘ಶ್ರೀ’ ಸೇರಿಸಿ, ಹಣ ಮಂಜೂರಾಗಿದೆ, ಬ್ಯಾಂಕ್ ವಿವರ ಕೊಡಿ ಎಂದಿತ್ತು. ಕೊಟ್ಟಿದ್ದ ಅವಧಿ ಆ ದಿನವೇ ಸಂಜೆ ಐದಕ್ಕೆ ಮುಗಿಯುತ್ತಿತ್ತು.

“ಐಬಾನ್ ನಂಬರ್ ಅಂತ ಕೇಳ್ತಿದೆ” ಎಂದಳು ಅಲ್ಪವಿರಾಮ.

ಪ್ರೆಸ್ಸಿನ ಲೆಕ್ಕಿಗರು ಕುರ್ಚಿಸಮೇತ ಉರುಳಿಕೊಂಡು ಬಂದರು. “ಹಾಗಂದ್ರೆ?”

“ಆ ಕಡೆ ದೇಶಗಳಲ್ಲಿ ಬ್ಯಾಂಕ್ ಖಾತೆಗೆ ಇರೋ ಉದ್ದದ ನಂಬರಂತೆ ಸರ್. ನಮ್ಮಲ್ಲಿ ಅದಿಲ್ಲ.”

“ಇಲ್ಲ ಅಂತ ಬರೀರಿ.”

“ಇಪ್ಪತ್ತೆರಡು ಅಕ್ಷರ ತುಂಬಲೇಬೇಕಂತೆ.”

“ಹಾಗಾದ್ರೆ ‘ನಮ್ಮ ದೇಶದಲ್ಲಿ ಅದಿಲ್ಲ ಸ್ವಾಮಿ ಕ್ಷಮಿಸಿ’ ಅಂತ ಬರೀರಿ.”

ಅಭ್ಯಾಸಬಲದಿಂದ ಅವಳು ಎಣಿಸಿಯೇಬಿಟ್ಟಳು. ಹದಿನಾಲ್ಕಿತ್ತು.

ಬೈಂಡಿಂಗಿನ ಅಕ್ಕ ಕೈಗೆ ಅಂಟಿದ್ದ ಗೋಂದು ಒರೆಸಿಕೊಳ್ಳುತ್ತ ಇಣುಕಿದಳು. “ತಂಗಿ ಖಾತೆ ನಂಬರ್ ಹಾಕೇ. ಅವಳು ಅಲ್ಲೇ ಇದಾಳಲ್ಲ.”

“ಪ್ರಯಾಣಿಕರ ಖಾತೆಗೆ ಮಾತ್ರ ಹಾಕ್ತಾರಂತೆ ಅಕ್ಕ.”

“ಹಾಕಿ ನೋಡು. ಕಂಪ್ಯೂಟರಿಗೆ ಏನು ಗೊತ್ತಾಗುತ್ತೆ.”

ಕಂಪ್ಯೂಟರಿಗೆ ಗೊತ್ತಾಯಿತು. ಪರದೆ ತುಂಬ ಕೆಂಪಕ್ಷರ ಬಂದು, ಇನ್ನೊಂದು ಸಲ ತಪ್ಪಿದರೆ ಬಾಗಿಲು ಮುಚ್ಚುವುದಾಗಿ ಹೇಳಿತು. ಅಕ್ಕ ಏನೂ ಆಗದವಳಂತೆ ಗೋಂದಿನ ಕಡೆ ಹೋದಳು. ಆಗ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು: ಐಬಾನ್ ಇಲ್ಲದವರು, ಹೊರದೇಶದ ಹಣ ಬರಲು ಬ್ಯಾಂಕಿಗಿರುವ ಸ್ವಿಫ್ಟ್ ಕೋಡ್ ಕೊಡಬಹುದು. ಊರಿಗೆಲ್ಲ ಅಡಿಟಿಪ್ಪಣಿ ತಿದ್ದಿಕೊಡುವವಳು ತನ್ನದನ್ನು ಕಟ್ಟಕಡೆಗೆ ಓದಿದ್ದಳು.

ಬ್ಯಾಂಕಿನಲ್ಲಿ ಅವಳ ಸರದಿ ಬಂದಾಗ ಎರಡು ಗಂಟೆಯಾಗಿತ್ತು.

“ನಮ್ಮ ಶಾಖೆಗೆ ಕೋಡ್ ಇಲ್ಲಮ್ಮ. ಮುಖ್ಯ ಶಾಖೆದು ತರಿಸಬೇಕು” ಎಂದರು ಅಧಿಕಾರಿ. “ಅರ್ಜಿ ಕೊಟ್ಟು ಹೋಗಿ. ನಾಳಿದ್ದು ಬನ್ನಿ.”

“ಸ್ವಿಫ್ಟ್ ಅಂದ್ರೆ ಬೇಗ ಅಂತ ಅಲ್ವಾ ಸರ್?”

“ಅದು ದುಡ್ಡಿಗೆ. ಕೋಡಿಗಲ್ಲ.”

ಹಿಂದೆ ನಿಂತಿದ್ದ ಹಿರಿಯರೊಬ್ಬರು ಕೊಡೆಯ ತುದಿಯಿಂದ ಗೋಡೆ ತೋರಿಸಿದರು. “ಆ ಬೋರ್ಡಿನಲ್ಲೇ ಬರೆದಿದೆಯಲ್ಲ ಮಗಳೇ.” ಬರೆದಿತ್ತು. ಅಧಿಕಾರಿ ಆ ಬೋರ್ಡನ್ನು ಅದೇ ಮೊದಲ ಸಲ ನೋಡುವವರಂತೆ ನೋಡಿದರು.

ಹೊರಗಿನ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಕೋಡ್ ತುಂಬಿದಳು. ಅದೇನೋ ದಾಟಿತು. ಆದರೆ ಹೊಸ ಕೆಂಪು ಸಾಲು ಬಂತು: ಖಾತೆದಾರರ ಹೆಸರೂ ಪ್ರಯಾಣಿಕರ ಹೆಸರೂ ಹೊಂದುತ್ತಿಲ್ಲ. ಖಾತೆಯಲ್ಲಿ ಅಪ್ಪ ಒಂದೇ ಅಕ್ಷರ. ಟಿಕೆಟ್ಟಿನಲ್ಲಿ ಪೂರ್ತಿ ಮನುಷ್ಯ.

ವಿಮಾನ ಕಂಪನಿಗೆ ಫೋನ್ ಹಚ್ಚಿದಳು. ಮುಕ್ಕಾಲು ಗಂಟೆ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಪುಣ್ಯಕ್ಕೆ ನಮ್ಮ ಮಾತಿನವಳೇ.

“ಪ್ರಯಾಣ ಮಾಡಿರೋದು ಗಂಡಸರಲ್ವಾ ಮೇಡಂ?”

“ಅದು ನಾನೇ.”

“ಇದು ಗಂಡಸರ ಹೆಸರು ಮೇಡಂ.”

“ಅದು ನನ್ನ ಇನಿಷಿಯಲ್.”

ಆ ಕಡೆ ಕೀಲಿಮಣೆ ಟಕಟಕ ಎಂದಿತು. “ಅಂದ್ರೆ, ಅವರು ನಿಮ್ಮ ಜೊತೆ ಇದ್ರಾ?”

“ಹುಟ್ಟಿದಾಗಿಂದ ಇದಾರೆ. ಹೆಸರಿನ ಜೊತೆ.”

“ನನಗೆ ಅರ್ಥ ಆಗ್ತಿಲ್ಲ ಮೇಡಂ. ಟಿಕೆಟ್ಟಿನಲ್ಲಿ ಕೊಟ್ಟಿರೋ ನಂಬರಿಗೆ ನಾವೇ ಫೋನ್ ಮಾಡಿ ಅವರನ್ನೇ ಕೇಳ್ತೀವಿ. ಐದರೊಳಗೆ ಮುಗಿಸಿಬಿಡೋಣ.”

ಜಾಹೀರಾತಿನವರು ಮೊಬೈಲಿಗೆ ಕಾಟ ಕೊಡುತ್ತಾರೆಂಬ ಭಯಕ್ಕೆ ಅವಳು ಟಿಕೆಟ್ಟಿಗೆ ಕೊಟ್ಟಿದ್ದು ಮನೆಯ ಫೋನ್ ನಂಬರು. ಆ ಫೋನಿನ ಪಕ್ಕದಲ್ಲಿ ಕೂತಿರುವವರು ಅಪ್ಪ, ನಿವೃತ್ತ ಸ್ಟೇಷನ್ ಮಾಸ್ಟರ್. ಅವಳು ತಕ್ಷಣ ಮನೆಗೆ ಫೋನ್ ಮಾಡಿದಳು.

“ಅಪ್ಪ, ಈಗೊಂದು ಫೋನ್ ಬರುತ್ತೆ. ನಿಮ್ಮ ಹೆಸರು ಹೇಳಿ ‘ಇವರೇನಾ’ ಅಂತ ಕೇಳ್ತಾರೆ. ಹೌದು ಅನ್ನಿ. ದುಡ್ಡು ಮಗಳ ಖಾತೆಗೆ ಹಾಕಿ ಅನ್ನಿ. ಇಟ್ಟುಬಿಡಿ.”

“ಸುಳ್ಳು ಹೇಳಿಸ್ತೀಯಾ ನನ್ನ ಕೈಲಿ?”

“ನಿಮ್ಮ ಹೆಸರು ನಿಮ್ಮದೇ ಅಂದ್ರೆ ಸುಳ್ಳು ಹೇಗಾಗುತ್ತಪ್ಪ?”

“ಅದೂ ನಿಜವೇ. ಆದ್ರೆ ತಡ ಆಗಿದ್ದಕ್ಕೆ ದುಡ್ಡು ಇಸ್ಕೊಳ್ಳೋದು ನನಗ್ಯಾಕೋ ಸರಿ ಕಾಣಲ್ಲ. ಮೂವತ್ತೆಂಟು ವರ್ಷ ನಾನೂ ರೈಲು ತಡ ಮಾಡಿಸಿದೀನಿ. ಒಬ್ಬರಿಗೂ ಬಿಡಿಗಾಸು ಕೊಟ್ಟಿಲ್ಲ.”

“ಅಪ್ಪ, ಮಗುನ ನೋಡಬೇಕು ನಾನು.”

“ಆಯ್ತಮ್ಮ, ಆಯ್ತು. ಇಡು, ಅವರು ಫೋನ್ ಮಾಡ್ತಿರಬಹುದು.”

ಅವಳಿಗೆ ಸಮಾಧಾನವಾಗಲಿಲ್ಲ. ಬಸ್ಸು ಹತ್ತಿದಳು. ಬಸ್ಸು ಪ್ರತಿ ನಿಲ್ದಾಣದಲ್ಲೂ ನೆಂಟರ ಮನೆಯಲ್ಲಿ ನಿಂತಂತೆ ನಿಂತು ನಿಂತು ಹೊರಟಿತು. ದಾರಿಯುದ್ದಕ್ಕೂ ಮನೆಯ ಫೋನು ಎಂಗೇಜು. ಗೇಟಿನ ಹತ್ತಿರ ಪಕ್ಕದ ಮನೆ ಆಂಟಿ ತಡೆದು, “ನಿಮ್ಮಪ್ಪ ಅರ್ಧ ಗಂಟೆಯಿಂದ ಯಾರ ಹತ್ತಿರಾನೋ ನಗ್ತಾ ಮಾತಾಡ್ತಿದಾರಲ್ಲ, ಯಾರು?” ಎಂದರು. ಅಪ್ಪ ಫೋನಿನಲ್ಲಿ ನಗುವವರಲ್ಲ.

ಐದು ಗಂಟೆ ಹತ್ತು ನಿಮಿಷ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು.

“ಫೋನ್ ಬಂತಾ?”

“ಬಂತು. ಒಳ್ಳೆ ಹುಡುಗಿ ಕಣಮ್ಮ.”

“ಖಾತೆಗೆ ಹಾಕಿ ಅಂದ್ರಾ?”

“ಅನ್ನೋದ್ರಲ್ಲಿದ್ದೆ. ಅಷ್ಟರಲ್ಲಿ ಅವಳೇ ‘ತಡ ಆಗಿದ್ದಕ್ಕೆ ವಿಷಾದಿಸ್ತೀವಿ ಸರ್’ ಅಂದ್ಲು. ಬೆಳಿಗ್ಗೆಯಿಂದ ಎಷ್ಟು ಜನರ ಹತ್ತಿರ ಬೈಸಿಕೊಂಡಿದಾಳೋ ಪಾಪ. ಆ ಕುರ್ಚಿಲಿ ನಾನೂ ಕೂತವನು. ‘ಪರವಾಗಿಲ್ಲ ಬಿಡಮ್ಮ, ದುಡ್ಡೆಲ್ಲ ಬೇಡ’ ಅಂದೆ.”

ಅಲ್ಪವಿರಾಮ ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟಳು.

“ಪೂರ್ತಿ ಕೇಳು. ನಾನೂ ರೈಲ್ವೆಯಲ್ಲಿದ್ದೋನು ಅಂತಾನೂ ಹೇಳಿದೆ. ಅವಳು ಫೋನನ್ನ ಮೇಲಿನವರಿಗೆ ಕೊಟ್ಲು. ಇಂಥ ಪ್ರಯಾಣಿಕರು ಸಿಕ್ಕಿದ್ದು ಇದೇ ಮೊದಲು ಅಂತ ಅವರು ದುಡ್ಡಿನ ಬದಲು ಹೋಗಿಬರೋ ಪಾಸ್ ಕೊಟ್ಟಿದಾರೆ. ದುಡ್ಡು ಬೇರೆ, ಪಾಸ್ ಬೇರೆ. ಪಾಸ್ ಅನ್ನೋದು ಒಂದು ಇಲಾಖೆ ಇನ್ನೊಂದು ಇಲಾಖೆಗೆ ಕೊಡೋ ಮರ್ಯಾದೆ.”

ಅವಳು ಎದ್ದು ನಿಂತಳು. ಹೋಗಿಬರುವ ಪಾಸ್. ಮಗು ಅವಳ ತೋಳಿಗೆ ಬಂದೇಬಿಟ್ಟಂತಾಯಿತು. “ಹಾಗಾದ್ರೆ ನಾನು ಹೋಗಬಹುದಾ ಅಪ್ಪ? ನನ್ನ ಹೆಸರೂ ಇದೆಯಲ್ಲ ಅದರಲ್ಲಿ?”

“ಇತ್ತು. ‘ಇದೇನು ಸರ್, ಹಿಂದೆ ಇನ್ನೊಂದು ಹೆಸರಿದೆ?’ ಅಂತ ಅವಳೇ ಕೇಳಿದ್ಲು. ಅದು ನನ್ನ ಮಗಳದ್ದು ಅಂದೆ. ‘ಓ, ತಪ್ಪಾಗಿ ಸೇರಿಕೊಂಡಿದೆ’ ಅಂತ ತೆಗೆದುಹಾಕಿದ್ಲು. ಅಚ್ಚುಕಟ್ಟಾದ ಹುಡುಗಿ.”

ಮೊಬೈಲಿನಲ್ಲಿ ಮೇಲ್ ತೆರೆದರೆ ಪಾಸಿನ ಪ್ರತಿ ಬಂದಿತ್ತು. ಶ್ರೀ ಅಪ್ಪ, ಒಬ್ಬರು, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಅದರ ಹಿಂದೆಯೇ ತಂಗಿಯ ಫೋನು: “ಅಕ್ಕ, ಈಗಷ್ಟೇ ಅಪ್ಪ ಫೋನ್ ಮಾಡಿದ್ರು, ಅವರೇ ಬರ್ತಾರಂತಲ್ಲೇ! ಎಷ್ಟು ವರ್ಷದಿಂದ ಕರೀತಿದ್ದೆ, ನೀನು ಹೇಗೆ ಒಪ್ಪಿಸಿದೆ?” ಅವಳು ಒಂದು ಗಳಿಗೆ ತಡೆದಳು. ಮೂರು ಬಗೆಯಲ್ಲಿ ಯೋಚಿಸಿದಳು. ನಾಲ್ಕನೆಯದು ಹೊಳೆಯಲಿಲ್ಲ.

“ನಾಳೆ ರಜೆ ಹಾಕು” ಎಂದರು ಅಪ್ಪ, ಕನ್ನಡಕ ಒರೆಸುತ್ತ. “ನನ್ನ ಪಾಸ್‌ಪೋರ್ಟಿಗೆ ಅರ್ಜಿ ತುಂಬಬೇಕು. ಮತ್ತೆ, ಮಗುಗೆ ಏನಾದ್ರೂ ಹೇಳೋದಿದ್ರೆ ಬರೆದುಕೊಡು, ಹೇಳ್ತೀನಿ. ಉದ್ದ ಬರೀಬೇಡ ಮಾತ್ರ. ಲಗೇಜಿಗೆ ಮಿತಿ ಇದೆಯಂತೆ.”