ಸೇಠನ ಫಟಫಟಿ, ಮಾವನ ಎತ್ತು

ಗಾಡಿ ಮಾರಿದವನಿಗೂ ಕೊಂಡವನಿಗೂ ನಡುವೆ ಇಂಥವು ನಡೆಯುತ್ತಲೇ ಇರುತ್ತವೆ. ಈಗಲೂ ನಡೆಯುತ್ತವೆ, ನಿಜಾಮರ ಕಾಲದಲ್ಲೂ ನಡೆಯುತ್ತಿದ್ದವು. ಆಗ ಗಾಡಿ ಕಡಿಮೆ, ನಿಂತು ನಗುವವರು ಹೆಚ್ಚು, ಅಷ್ಟೇ ವ್ಯತ್ಯಾಸ.

ಆಗ ನಾನು ಲಿಂಗಸುಗೂರಿನ ದನದ ದವಾಖಾನೆಯಲ್ಲಿ ಡಾಕ್ಟರು. ಮಸ್ಕಿ, ಸಿಂಧನೂರು, ನಡುವಿನ ಹಳ್ಳಿಗಳು ಎಲ್ಲವೂ ನನ್ನ ಪಾಲಿಗೇ. ಹೊಸದಾಗಿ ಮದುವೆಯಾಗಿತ್ತು, ಹೆಂಡತಿ ಇನ್ನೂ ಸಿಂಧನೂರಿನ ತವರುಮನೆಯಲ್ಲಿದ್ದಳು. ಎತ್ತಿನ ಗಾಡಿಯಲ್ಲಿ ಕೂತರೆ ಊರ ಅಗಸಿ ಬಾಗಿಲು ದಾಟುವುದರೊಳಗೆ ಆಕೆಗೆ ವಾಂತಿ. ಒಂದು ಹಬ್ಬದ ಊಟಕ್ಕೆ ಅಲ್ಲಿಗೆ ಹೋದಾಗ ಹೋಳಿಗೆಯ ಮೇಲೆ ತುಪ್ಪ ಹೆಚ್ಚು ಬಿದ್ದು ನನ್ನ ನಾಲಿಗೆ ಸಡಿಲಾಯಿತು.

"ಗಾಡಿ ಯಾಕ್ರಿ ಮಾವಾರ? ನನ್ನ ಸ್ವಂತ ಫಟಫಟಿ ಮ್ಯಾಲೆ ಕರಕೊಂಡು ಹೋಗ್ತೀನಿ" ಎಂದುಬಿಟ್ಟೆ. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಫಟಫಟಿ ಅನ್ನುವುದು.

ಮಾವ ಕೈತುತ್ತು ಕೆಳಗಿಟ್ಟು ನನ್ನನ್ನು ನೋಡಿದರು. "ಹಂಗಾರ ಫಟಫಟಿ ಬರೂತನಕ ಹುಡುಗಿ ಇಲ್ಲೇ ಇರ್ಲಿ ಬಿಡ್ರಿ, ಅಳ್ಯಾರ" ಎಂದರು.

ನಾಲ್ಕು ಮಂದಿ ಬೀಗರ ಎದುರು ಆಡಿದ ಮಾತು, ತಿರುಗಿ ನುಂಗುವಂತಿಲ್ಲ. ಅಲ್ಲಿಗೆ ನನ್ನ ಸಂಸಾರ ರಾಯಚೂರಿನ ಒಬ್ಬ ಸೇಠನ ಕೈಗೆ ಹೋಯಿತು.

ಹಲ್ಲು ನೋಡಿ ಆರಿಸಿದ್ದು

ಸೇಠನ ಅಂಗಡಿಯಲ್ಲಿ ಹೊಲಿಗೆ ಯಂತ್ರ, ಗ್ರಾಮೊಫೋನು, ಸೈಕಲ್ಲು, ಇವುಗಳ ನಡುವೆ ವಿಲಾಯತಿಯಿಂದ ಬಂದ ಮೂರು ಫಟಫಟಿ ನಿಂತಿದ್ದವು. ಸಣ್ಣದು, ನಡುವಿನದು, ದೊಡ್ಡದು. ನಾನು ಬಡಕಲು ಮನುಷ್ಯ, ಸಣ್ಣದರ ಹತ್ತಿರ ಹೋಗಿ ನಿಂತೆ. ಸೇಠ ಅತ್ತರಿನ ವಾಸನೆಯ ಕೈಯನ್ನು ನನ್ನ ಹೆಗಲ ಮೇಲಿಟ್ಟ.

"ಅದು ಕಂಪೌಂಡರ್‌ಗೆ, ಡಾಕ್ಟರ್ ಸಾಬ್. ನಡುವಿಂದು ಸಾಲಿ ಮಾಸ್ತರಗ. ನಿಮ್ಮಂಥವ್ರು ಅದನ್ನ ಮುಟ್ಟಿದ್ರ ಮಂದಿ ಏನಂದಾರು?"

ಮಂದಿ ಏನಂದಾರು ಎಂಬ ಒಂದೇ ಮಾತಿನಿಂದ ಆತ ಎಷ್ಟು ಫಟಫಟಿ ಮಾರಿದ್ದನೋ ಕಾಣೆ. ನಾನು ದೊಡ್ಡದರ ಕಡೆ ಸರಿದೆ.

ಮಾವನೂ ನನ್ನ ಜೊತೆ ಬಂದಿದ್ದರು. ಸಂತೆಯಲ್ಲಿ ಎತ್ತು ಕೊಳ್ಳುವವರೆಲ್ಲ ಅವರನ್ನೇ ಕರೆದೊಯ್ಯುತ್ತಿದ್ದರು, ಅವರ ಕಣ್ಣು ಅಂಥದ್ದು. ಅಳಿಯ ಫಟಫಟಿ ಕೊಳ್ಳುವಾಗ ಆ ಕಣ್ಣನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆಯೇ? ಅದರ ಸುತ್ತ ಒಂದು ಸುತ್ತು ಹಾಕಿದರು. ಬೆನ್ನ ಮೇಲೆ ಕೈಯಾಡಿಸಿದರು. ಎತ್ತಿನ ಮೈಮೇಲೆ ಕೂದಲಿನ ಸುಳಿ ಕೆಟ್ಟ ಜಾಗದಲ್ಲಿದ್ದರೆ ನಮ್ಮವರು ಅದನ್ನು ಕೊಳ್ಳುವುದಿಲ್ಲ. ಮಾವ ಪೆಟ್ರೋಲ್ ಟಾಕಿಯ ಕೆಳಗೆ ಬಗ್ಗಿ ಸುಳಿ ಹುಡುಕಿದರು. ಸಿಕ್ಕಿದ್ದು ಒಂದು ಗೀರು.

"ಸೇಠಜೀ, ಇದಕ್ಕ ಹಲ್ಲು ಎಷ್ಟು?"

ಸೇಠ ಹಲ್ಲಿನ ಚಕ್ರ ತೋರಿಸಿದ. ಮಾವ ಬೆರಳಿಟ್ಟು ನೋಡಿ, ಸವೆದಿಲ್ಲ ಎಂದು ತಲೆಯಾಡಿಸಿದರು. ಆಮೇಲೆ ಸಂತೆಯ ಮುಖ್ಯ ಮಾತಿಗೆ ಬಂದರು: "ನಾಕು ಹೆಜ್ಜಿ ನಡಸಿ ತೋರಸ್ರಿ."

"ಮಾರಿದ ಮ್ಯಾಲೇ ಚಾಲೂ ಮಾಡೂದು. ನಮ್ಮ ದುಕಾನಿನ ಖಾಯಿದೆ."

"ನಡಸಿ ತೋರಸದ ಎತ್ತು ಮಾರಾಂವ ನಮ್ಮ ಸಂತ್ಯಾಗ ಹೊಡ್ತ ತಿಂತಾನ್ರಿ."

ನನಗೆ ನಾಚಿಕೆಯಾಯಿತು. ಓದಿದ ಅಳಿಯನ ಮಾನ ಕಳೆಯುತ್ತಿದ್ದಾರಲ್ಲ ಎಂದು ಸಿಟ್ಟೂ ಬಂತು. "ಮಾವಾರ, ಇದು ಯಂತ್ರ. ಇದನ್ನ ಹೊಡದು ನಡಸೂದಿಲ್ಲ, ಕಾಲಿಲೆ ಒದ್ದು ಚಾಲೂ ಮಾಡ್ತಾರ" ಎಂದು ತಿಳಿಹೇಳಿ, ಅಲ್ಲೇ ಮುಂಗಡ ಹಣದ ಪೇಶಗಿ ಕೊಟ್ಟೆ.

ಮಾವ ಆ ಒದೆಯುವ ಪಾಯದಾನಿಯನ್ನೇ ನೋಡುತ್ತ ನಿಂತರು. "ಆತು ಬಿಡ್ರಿ. ಇವತ್ತು ನಾವು ಒದಿಯೂದು, ನಾಳೆ ಅದು ಒದಿಯೂದು."

ನಾಳೆಯವರೆಗೂ ಕಾಯಲಿಲ್ಲ ಅದು. ಗಾಡಿ ಕೈಗೆ ಬಂದ ದಿನವೇ ಪಾಯದಾನಿ ತಿರುಗಿ ಹೊಡೆದು ನನ್ನ ಮೊಣಕಾಲು ಬಾತುಕೊಂಡಿತು. ದನಗಳ ಒದೆತ ತಪ್ಪಿಸಿಕೊಳ್ಳುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ.

ಯಾವ ಒಂದನೇ ತಾರೀಖು?

ಆದರೆ ಗಾಡಿ ಕೈಗೆ ಬಂದದ್ದೇ ಒಂದು ಕಥೆ. ಅಂಗಡಿಯಲ್ಲಿದ್ದದ್ದು ತೋರಿಸುವುದಕ್ಕೆ ಮಾತ್ರವಂತೆ, ನನ್ನದು ಮುಂಬಯಿಯಿಂದ ಬರಬೇಕಂತೆ. "ಬರೂ ತಿಂಗಳ ಒಂದನೇ ತಾರೀಖಿಗೆ ಬರ್ರಿ" ಎಂದ ಸೇಠ.

ನಾನು ಸರ್ಕಾರದ ನೌಕರ. ನಮ್ಮ ಕಚೇರಿಗಳೆಲ್ಲ ಆಜೂರ್, ದೈ, ಬಹಮನ್ ಎಂಬ ನಿಜಾಮರ ಫಸಲಿ ತಿಂಗಳುಗಳ ಮೇಲೆ ನಡೆಯುತ್ತಿದ್ದವು. ದೈ ತಿಂಗಳ ಒಂದನೇ ತಾರೀಖಿಗೆ ರಜೆ ಹಾಕಿ ರಾಯಚೂರಿಗೆ ಹೋದೆ.

ಸೇಠ ಮರುಗಿದ. "ಅರೆ, ಮಾಲು ಬಂಬೈದು. ನಾ ಹೇಳಿದ್ದು ಇಂಗ್ರೇಜಿ ತಾರೀಖು."

ಇಂಗ್ರೇಜಿ ಒಂದನೇ ತಾರೀಖಿಗೆ ಹೋದೆ. ಅಂದು ಜುಮ್ಮಾ. ನಿಜಾಮರ ಸೀಮೆಯಲ್ಲಿ ಶುಕ್ರವಾರವೇ ರಜೆ, ಅಂಗಡಿಗೆ ಬೀಗ. ಮರುದಿನದವರೆಗೆ ಧರ್ಮಶಾಲೆಯಲ್ಲಿ ಬಿದ್ದಿದ್ದು ಮತ್ತೆ ಹೋದರೆ ಗಾಡಿ ಬಂದಿತ್ತು, ಬಿಚ್ಚಿದ ಸ್ಥಿತಿಯಲ್ಲಿ. ಜೋಡಿಸುವ ಮಿಸ್ತ್ರಿ ಶನಿವಾರ ಕಬ್ಬಿಣ ಮುಟ್ಟುವುದಿಲ್ಲವಂತೆ, ಹನುಮಪ್ಪನ ವಾರ. ಭಾನುವಾರ ಜೋಡಿಸಲಿ ಎಂದೆ. ಮಿಸ್ತ್ರಿ ಬಳ್ಳಾರಿಯವನು, ಇಂಗ್ರೇಜಿ ಸೀಮೆಯವನು, ಅವನಿಗೆ ಭಾನುವಾರ ರಜೆ. ಮೂರು ಸರ್ಕಾರದ ರಜೆಗಳನ್ನೂ ಒಬ್ಬನೇ ಮನುಷ್ಯ ಉಣ್ಣುವುದನ್ನು ಅಲ್ಲೇ ನೋಡಿದ್ದು.

"ಈ ಸಲ ಪಕ್ಕಾ. ಚಾಂದ್ ಕಂಡ ದಿನ ಬರ್ರಿ, ಗಾಡಿ ತಯಾರ್ ಇರ್ತದ" ಎಂದ ಸೇಠ.

ಹೋದೆ. ಅಂದು ಮೋಡ.

ಸಿಂಧನೂರಿಗೆ ಬರಿಗೈಯಲ್ಲಿ ಹೋಗಿ ಈ ಕಥೆ ಹೇಳಿದೆ. ಬಾಗಿಲ ಹಿಂದೆ ಬಳೆಯ ಸದ್ದಾಯಿತು, ಆಮೇಲೆ ಅದೂ ನಿಂತಿತು. ಮಾವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಇನ್ನೊಂದು ಪಂಚಾಂಗ ಹುಟ್ಟೂದ್ರೊಳಗ ತಗೊಂಡ ಬರ್ರಿ, ಅಳ್ಯಾರ. ನಮ್ಮ ಹುಡುಗಿ ತಲಿ ಬೆಳ್ಳಗಾದೀತು."

ಹೊಸದು, ಹಳೆಯದು

ಅಂತೂ ಗಾಡಿ ಬಂತು. ಆದರೆ ಹೆಣ್ಣುಮಕ್ಕಳು ಗಂಡನ ಬೆನ್ನಿಗೆ ಅಂಟಿ ಕೂತು ಊರ ನಡುವೆ ಹಾಯುವುದಕ್ಕೆ ಮಾವ ಒಪ್ಪಲಿಲ್ಲ. ಫಟಫಟಿಯ ಮಗ್ಗುಲಿಗೆ ಕಟ್ಟುವ ತೊಟ್ಟಿಲಿನಂಥದ್ದು ಇರುತ್ತದಲ್ಲ, ಅದು ಬೇಕು. ಅದನ್ನೂ ಸೇಠನೇ ತರಿಸಬೇಕು. ತೊಟ್ಟಿಲು ಕೇಳಲು ಹೋದಾಗಲೆಲ್ಲ ಗಾಡಿಯ ತಕರಾರನ್ನೂ ಹೊತ್ತು ಹೋಗುತ್ತಿದ್ದೆ.

ಬ್ರೇಕು ಹಿಡಿಯುವುದಿಲ್ಲ ಎಂದೆ. "ಹೊಸಾದದ, ಇನ್ನಾ ಹೊಂದಿಲ್ಲ" ಎಂದ. ಎಣ್ಣೆ ಸೋರಿ ಧೋತರವೆಲ್ಲ ಕರ್ರಗಾಗಿದೆ ಎಂದೆ. "ಹೊಸಾದದ, ಹೆಚ್ಚಿಂದು ಕಾರ್ತದ." ಭೋಂಪು ಎಲ್ಲಿ, ಹಾರನ್ನೇ ಕೊಟ್ಟಿಲ್ಲವಲ್ಲ ಎಂದೆ. "ಭೋಂಪು ಯಾಕ ಬೇಕು ಸಾಬ್? ಇದರ ಸಪ್ಪಳ ಹಟ್ಟಿ ಬಂಗಾರದ ಗಣಿ ತಳಕ್ಕ ಕೇಳ್ತದ."

ಹೊಂದುತ್ತದೆ ಎಂದು ನಂಬಿ ಮಳೆಗಾಲ ಕಳೆದೆ. ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ದಾರಿಯಲ್ಲಿ ಎಷ್ಟೋ ಸಲ ಗಾಡಿಯನ್ನು ನಾನೇ ಹೊತ್ತೆ. ಮಳೆ ಮುಗಿದ ಮೇಲೆ ಅದೇ ಬ್ರೇಕು, ಅದೇ ಎಣ್ಣೆಯ ತಕರಾರು ಹೊತ್ತು ಮತ್ತೆ ಹೋದೆ. ಸೇಠ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ.

"ಹಳೇದಾತಲ್ಲ ಸಾಬ್. ಇನ್ನ ಹಿಂಗೇ."

ನನಗೆ ಪಿತ್ತ ನೆತ್ತಿಗೇರಿತು. "ಮೊನ್ನಿತನಕ ಹೊಸಾದು ಅಂದಿ, ಇವತ್ತು ಹಳೇದು ಅಂತಿ. ನಡುವ ಇದು ಸರಿ ಇದ್ದದ್ದು ಯಾವಾಗಪಾ?"

ಸೇಠ ಒಂದಿಷ್ಟೂ ಅಳುಕದೆ ಹೇಳಿದ: "ಆವತ್ತು ನೀವು ಬರಲಿಲ್ಲ."

ಬಳಗಾನೂರಿನ ಎಮ್ಮೆ

ಫಟಫಟಿಯಿಂದ ಒಬ್ಬರಿಗೂ ಉಪಕಾರವಾಗಲಿಲ್ಲ ಎಂದರೆ ಸುಳ್ಳಾದೀತು. ಬಳಗಾನೂರಿನಲ್ಲಿ ಒಬ್ಬ ರೈತನ ಎಮ್ಮೆ ಈದ ಮೇಲೆ ಮಲಗಿದ್ದು ಎದ್ದೇ ಇರಲಿಲ್ಲ. ಹೆಗಲು ಕೊಟ್ಟು ಎತ್ತಿದರು, ಬೇವಿನ ಸೊಪ್ಪಿನ ಹೊಗೆ ಹಾಕಿದರು, ಕಡೆಗೆ ನನಗೆ ಹೇಳಿ ಕಳಿಸಿದರು.

ನಾನು ಅವರ ಹಿತ್ತಿಲವರೆಗೆ ಗಾಡಿ ಹೊಡೆದುಕೊಂಡೇ ಹೋದೆ. ನಿಲ್ಲಿಸೋಣ ಎಂದರೆ ಬ್ರೇಕು ಹಿಡಿಯಬೇಕಲ್ಲ. ಸಪ್ಪಳಕ್ಕೆ ಓಣಿಯ ಎತ್ತು, ಆಕಳು, ಆಡು ಎಲ್ಲ ಹಗ್ಗ ಹರಿದುಕೊಂಡು ಹೊಲ ಸೇರಿದವು. ಗಾಡಿ ಹುಲ್ಲಿನ ಬಣವೆಗೆ ಗುದ್ದಿ ನಿಂತಿತು. ಔಷಧದ ಪೆಟ್ಟಿಗೆ ಹಿಡಿದು ಎದ್ದು ನೋಡಿದರೆ ಕೊಟ್ಟಿಗೆಯಲ್ಲಿ ಎಮ್ಮೆ ಇಲ್ಲ. ಎಲ್ಲಕ್ಕಿಂತ ಮುಂದೆ ಬಾಲ ಎತ್ತಿ ಓಡುತ್ತಿದ್ದದ್ದು ಅದೇ!

ರೈತ ಬಂದು ಕಾಲಿಗೆ ಬಿದ್ದ. ಸೂಜಿ ಹಾಕಲಿಲ್ಲ, ಔಷಧ ಕುಡಿಸಲಿಲ್ಲ, ಕೀರ್ತಿ ಮಾತ್ರ ಸುತ್ತಲ ಹಳ್ಳಿಗೆಲ್ಲ ಹಬ್ಬಿತು. ಮುಂದಿನ ವಾರ ಪಕ್ಕದ ಹಳ್ಳಿಯಿಂದ ಒಬ್ಬ ದವಾಖಾನೆಗೆ ಬಂದ.

"ನಮ್ಮ ಎತ್ತು ಮಲಗೇತ್ರಿ. ನಿಮಗ್ಯಾಕ ತ್ರಾಸು? ಗಾಡಿ ಅಷ್ಟ ಕಳಸ್ರಿ."

ಬೆಲ್ಲ ತಿಂದ ಗಾಡಿ

ತೊಟ್ಟಿಲು ಬರುವುದರೊಳಗೆ ವಿಲಾಯತಿಯಲ್ಲಿ ಲಡಾಯಿ ಶುರುವಾಗಿತ್ತು. ಪೆಟ್ರೋಲು ದೇವರ ತೀರ್ಥದಂತೆ ಸಿಗುತ್ತಿತ್ತು. ಇದ್ದಬದ್ದದ್ದನ್ನೆಲ್ಲ ಟಾಕಿಗೆ ಸುರಿದು, ತೊಟ್ಟಿಲು ಕಟ್ಟಿಕೊಂಡು ಸಂಜೆ ಸಿಂಧನೂರು ಮುಟ್ಟಿದೆ. ಆಶ್ಚರ್ಯವೆಂದರೆ ಆ ದಿನ ಗಾಡಿ ಒಂದೇ ಒಂದು ಸಲವೂ ಕೆಡಲಿಲ್ಲ. ಮಾವನ ಎದುರು ಟಾಕಿಯ ಮುಚ್ಚಳ ತೆಗೆದು, ಇದು ಉಣ್ಣುವುದು ಇಲ್ಲಿಂದ ಎಂದು ತೋರಿಸಿದೆ. ಓಣಿಯ ಜನವೆಲ್ಲ ಬಂದು ನೋಡಿ ಹೋದರು. ನನಗೆ ನೆಲವೇ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಮುಹೂರ್ತ. ಉಡಿ ತುಂಬಿದರು, ಹೆಂಡತಿ ಹೊಸ್ತಿಲು ದಾಟಿ ತೊಟ್ಟಿಲಲ್ಲಿ ಕೂತಳು. ಅತ್ತೆ ಕಣ್ಣೊರೆಸಿಕೊಂಡರು. ನಾನು ಒದ್ದೆ. ಗಾಡಿ ಒಮ್ಮೆ ಕೆಮ್ಮಿತು. ಮತ್ತೆ ಒದ್ದೆ, ಅದೂ ಇಲ್ಲ. ಅಂಗಿ ತೊಯ್ಯುವವರೆಗೆ ಒದ್ದು, ಕಡೆಗೆ ಮುಚ್ಚಳ ತೆಗೆದು ನೋಡಿದರೆ ಟಾಕಿಯ ತಳದಲ್ಲಿ ಬೆಲ್ಲ! ಚೂರು ಹೋಗಿ ನಳಿಗೆಗೆ ಅಡ್ಡ ಕೂತಿದೆ.

"ಬೆಲ್ಲ ಯಾರು ಹಾಕಿದ್ರಿ?"

ಅತ್ತೆ ಅಳಿಯನ ಎದುರು ಮಾತಾಡುವವರಲ್ಲ. ಬಾಗಿಲ ಮರೆಯಿಂದ ದನಿ ಬಂತು: "ಹೊಸಾ ಎತ್ತು ಮನಿಗಿ ಬಂದ್ರ ಬಾಯಿಗಿ ಬೆಲ್ಲ ಇಡೂದಿಲ್ಲೇನು? ನಮ್ಮನ್ಯಾಗ ಯಾವತ್ತೂ ಬಿಟ್ಟಿಲ್ಲ."

ದನದ ಹೊಟ್ಟೆ ಉಬ್ಬಿದರೆ ನನಗೆ ಔಷಧ ಗೊತ್ತು, ಇದಕ್ಕೆ ಗೊತ್ತಿರಲಿಲ್ಲ. ತಂತಿ ಹಾಕಿ ಕೆದಕಿದೆ, ಬೆಲ್ಲ ಇನ್ನೂ ಒಳಗೆ ಹೋಯಿತು. ಉಡಿ ತುಂಬಿ ಹೊಸ್ತಿಲು ದಾಟಿದ ಮಗಳು ಹಾಗೆಯೇ ಒಳಗೆ ತಿರುಗಿ ಬರುವಂತಿಲ್ಲ. ಹೀಗಾಗಿ ನನ್ನ ಹೆಂಡತಿ ತನ್ನ ತವರುಮನೆಯ ಬಾಗಿಲಲ್ಲೇ ತೊಟ್ಟಿಲಲ್ಲಿ ಕೂತಳು. ನೆರೆಮನೆಯವರು ಕೊಡೆ ತಂದು ಹಿಡಿದರು, ಒಬ್ಬಾಕೆ ಅಲ್ಲಿಗೇ ಉಪ್ಪಿಟ್ಟು ತಂದು ಕೊಟ್ಟಳು. ನನಗೆ ಭೂಮಿ ಬಾಯ್ತೆರೆದರೆ ಸಾಕು ಎನಿಸಿತ್ತು.

ಮಾವ ಕೊಟ್ಟಿಗೆಗೆ ಹೋಗಿ ಎರಡು ಎತ್ತು ಹೊಡೆದುಕೊಂಡು ಬಂದರು.

"ಮಾವಾರ, ಎತ್ತು ಅಂಜ್ಯಾವು."

"ಸತ್ತ ಫಟಫಟಿಗಿ ಯಾತರ ಅಂಜಿಕಿ? ಹಿಡಿಕಿ ಹಿಡಕೊಂಡು ಸುಮ್ಕ ಕುಂದರ್ರಿ."

ಹಗ್ಗ ಕಟ್ಟಿ ಎಳೆಯತೊಡಗಿದರು. ಮಸ್ಕಿಯಲ್ಲಿ ನಮ್ಮ ದೊಡ್ಡಮ್ಮನ ಮನೆ, ಅಲ್ಲಿಯವರೆಗೆ ಹೀಗೇ. ಮುಂದೆ ಮಾವ ಬಾರುಕೋಲು ಹಿಡಿದು ನಡೆಯುತ್ತಿದ್ದಾರೆ, ಹಿಂದೆ ನಾನು ಕನ್ನಡಕ ಹಾಕಿಕೊಂಡು ಗಾಡಿಯ ಮೇಲೆ ಸವಾರಿ. ಪಕ್ಕದಲ್ಲಿ ನಿಂಬೆಹಣ್ಣು ಮೂಸುತ್ತ, ಸೆರಗು ಬಾಯಿಗೆ ಒತ್ತಿಕೊಂಡ ಹೆಂಡತಿ. ಅವಳು ಅಳುತ್ತಿದ್ದಾಳೋ ವಾಂತಿ ತಡೆಯುತ್ತಿದ್ದಾಳೋ ನೋಡುವ ಧೈರ್ಯ ನನಗಿರಲಿಲ್ಲ.

ಮಸ್ಕಿ ಇನ್ನೂ ದೂರವಿರುವಾಗ ಎದುರಿಗೆ ಒಂದು ಟಾಂಗಾ ಬಂತು. ಒಳಗೆ ಮಸ್ಕಿಯ ಒಬ್ಬ ದೊಡ್ಡ ಸಾವಕಾರರು, ಅವರ ಮಗ್ಗುಲಲ್ಲಿ ನಮ್ಮ ಸೇಠ! ಸಾವಕಾರರಿಗೆ ಫಟಫಟಿ ಮಾರಲು ಗಂಟುಬಿದ್ದಿದ್ದ. ನಮ್ಮನ್ನು ಕಂಡು ಬೇರೆ ಯಾರಾದರೂ ಮುಖ ತಿರುಗಿಸುತ್ತಿದ್ದರು. ಈತ ಟಾಂಗಾ ನಿಲ್ಲಿಸಿ ಕೆಳಗಿಳಿದು, ನನ್ನ ಗಾಡಿಯ ಮೇಲೆ ಕೈಯಿಟ್ಟ.

"ನೋಡ್ರಿ ಸಾವಕಾರ್ರ! ಪೆಟ್ರೋಲ್ ಸಿಗೂದಿಲ್ಲ ಅಂತ ಚಿಂತಿ ಮಾಡಾಕತ್ತಿದ್ರಲ್ಲ? ನಮ್ಮ ಗಾಡಿ ಪೆಟ್ರೋಲ್ ಇಲ್ಲದಾಗೂ ನಡೀತದ!"

ಸಾವಕಾರರು ಹೌದಲ್ಲ ಎಂಬಂತೆ ಕತ್ತು ಚಾಚಿ ನೋಡಿದರು. ನಾನು ಸಿಟ್ಟಿನಿಂದ ಗಾಡಿ ಇಳಿಯಲು ಹೊರಟೆ. ಆಗ ಮಗ್ಗುಲಿನ ತೊಟ್ಟಿಲಲ್ಲಿ ಸೆರಗು ಸರಿಯಿತು. ಅಲ್ಲಿಯವರೆಗೆ ನನ್ನ ಎದುರು ಹೂಂ, ಊಹೂಂ ಬಿಟ್ಟು ಮಾತಾಡದ ಹೆಂಡತಿ ನಿಂಬೆಹಣ್ಣು ಕೆಳಗಿಟ್ಟಳು. ಅವಳು ಅಳುತ್ತಲೂ ಇರಲಿಲ್ಲ, ವಾಂತಿಯೂ ಅಲ್ಲ. ಸಿಂಧನೂರಿನಿಂದ ನಗು ತಡೆದುಕೊಂಡು ಬಂದಿದ್ದಳು.

"ಖರೇ ಐತ್ರಿ ಸಾವಕಾರ್ರ. ಪೆಟ್ರೋಲ್ ಏನೂ ಬ್ಯಾಡ. ಎರಡು ಎತ್ತು, ಒಬ್ಬ ಮಾವ ಇದ್ರ ಸಾಕು."

ಸಾವಕಾರರು ಬಾರುಕೋಲು ಹಿಡಿದ ನಮ್ಮ ಮಾವನನ್ನು ಒಮ್ಮೆ ನೋಡಿದರು, ಸೇಠನನ್ನು ಒಮ್ಮೆ ನೋಡಿದರು.

"ಎತ್ತು ನಮ್ಮನ್ಯಾಗ ಬೇಕಾದಷ್ಟು ಅದಾವ, ಸೇಠ. ಮಾವ ತೀರಿಕೊಂಡಾನ" ಎಂದು, ಟಾಂಗಾ ತಿರುಗಿಸಲು ಹೇಳಿದರು.