ಆಟ ಎಳೀತದೆ ಮೇಡಂ

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು ನಗು ಬರಲಿ ಅಂತ ಹರಕೆ ಹೊರಬೇಕಾಗಿಲ್ಲ. ಗಿರಾಕಿಗಳು ಕಂಪ್ಯೂಟರ್ ಪೆಟ್ಟಿಗೆ ಜೊತೆ ಅದನ್ನೂ ತಾವೇ ಹೊತ್ತುಕೊಂಡು ಬರ್ತಾರೆ, ವಾರಕ್ಕೆ ಒಂದಾದರೂ ಬಂದೇ ಬರುತ್ತೆ.

ನನ್ನ ಅಂಗಡಿ ಇರೋದು ದೊಡ್ಡಬಳ್ಳಾಪುರದಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಅದಕ್ಕೆ ಮುಂಚೆ ಆರು ವರ್ಷ ಸೋಂಪುರದ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕ್ತಿದ್ದೆ. ಕೈ ಅಲ್ಲೇ ಪಳಗಿದ್ದು. ಈಗ ಬರೋ ಕೇಸುಗಳಲ್ಲಿ ಅರ್ಧಕ್ಕರ್ಧ ಓಪನ್ ವರ್ಲ್ಡ್ ಆಟದವರದ್ದು. ಇದರಲ್ಲಿ ಒಂದು ಹಂತ ಮುಗಿಸಿ ಇನ್ನೊಂದು ಹಂತಕ್ಕೆ ಹೋಗೋ ಲೆಕ್ಕ ಇಲ್ಲ. ಇಡೀ ಒಂದು ಪ್ರಪಂಚವನ್ನೇ ಬಿಟ್ಟಿರ್ತಾರೆ, ಕುದುರೆಯೋ ಕಾರೋ ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಆ ಪ್ರಪಂಚವನ್ನ ಕಂಪ್ಯೂಟರ್ ಸೆಕೆಂಡಿಗೆ ಅರವತ್ತು ಚಿತ್ರದ ಹಾಗೆ ಬಿಡಿಸಿ ತೋರಿಸ್ತಾ ಇರಬೇಕು. ಅರವತ್ತು ಹೋಗಿ ಇಪ್ಪತ್ತಾದರೆ ಕುದುರೆ ಓಡಲ್ಲ, ಉಗ್ಗುತ್ತೆ. ನಮ್ಮ ಕಡೆ ಅದಕ್ಕೆ ಒಂದೇ ಮಾತು: "ಎಳೀತದೆ ಮೇಡಂ."

ಜಂಬ ಅಂದ್ಕೊಂಡರೂ ಪರವಾಗಿಲ್ಲ, ಹೇಳ್ಬಿಡ್ತೀನಿ. ಎಳೆಯೋದನ್ನ ನಿಲ್ಲಿಸದೆ ನಾನು ಕೈಬಿಟ್ಟ ಪೆಟ್ಟಿಗೆ ಇವತ್ತಿನವರೆಗೂ ಒಂದಿಲ್ಲ.

೧. ಗ್ರೌಂಡಿಗೆ ಇಳಿಯದವನು

ಅಂಗಡಿ ತೆರೆದ ಹೊಸದರಲ್ಲಿ ಒಬ್ಬರು ನಿವೃತ್ತ ಪಿ.ಟಿ. ಮೇಷ್ಟ್ರು ಬಂದರು. ಬಾಗಿಲಲ್ಲೇ ನಿಂತು, "ಸಾರ್ ಇಲ್ವಾ?" ಅಂದರು.

"ನಾನೇ ಸಾರ್. ಒಳಗೆ ಬನ್ನಿ," ಅಂದೆ.

ಅನುಮಾನದಿಂದಲೇ ಪೆಟ್ಟಿಗೆ ಇಳಿಸಿದರು. ನಿವೃತ್ತಿ ಆದಮೇಲೆ ಕುದುರೆ ಸವಾರಿಯ ಆಟ ಹಿಡಿದಿದ್ದರಂತೆ. ಆಟದ ಚಿತ್ರ ಬಿಡಿಸೋಕೇ ಅಂತ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು. ಆದರೂ ಎಳೀತಿತ್ತು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದ್ದರು. ಆಟದ ಚಿತ್ರದ ಗುಣಮಟ್ಟ ಎಷ್ಟು ಇಳಿಸಿದ್ದರು ಅಂದರೆ, ಮರಗಳೆಲ್ಲ ಹೂಕೋಸಿನ ಥರ ಕಾಣ್ತಿದ್ದವು.

"ಮನೇಲಿ ಮಾನಿಟರ್ ವೈರು ಎಲ್ಲಿಗೆ ಚುಚ್ಚಿದ್ರಿ, ಒಂದ್ಸಲ ಹಾಗೇ ಚುಚ್ಚಿ ತೋರಿಸಿ ಸಾರ್," ಅಂದೆ. ಚುಚ್ಚಿದರು. ಕಾರ್ಡಿಗಲ್ಲ, ಅದರ ಮೇಲೆ ಮದರ್‌ಬೋರ್ಡಿನಲ್ಲಿದ್ದ ಕಿಂಡಿಗೆ. ಹೊಸ ಕಾರ್ಡು ಸುಮ್ಮನೆ ಫ್ಯಾನ್ ತಿರುಗಿಸ್ಕೊಂಡು ಕೂತಿತ್ತು, ಕುದುರೆಯನ್ನ ಎಳೀತಿದ್ದಿದ್ದು ಪಾಪ ಪ್ರೊಸೆಸರು. ನಾನು ಸ್ಕ್ರೂಡ್ರೈವರ್ ಕೂಡ ಮುಟ್ಟಲಿಲ್ಲ. ವೈರು ಕಿತ್ತು ಮೂರು ಇಂಚು ಕೆಳಗೆ ಚುಚ್ಚಿದೆ. ಕುದುರೆ ಗಾಳಿಯ ಹಾಗೆ ಹೋಯಿತು.

ಮೇಷ್ಟ್ರು ಪೆಟ್ಟಿಗೆಯ ಗಾಜಿನೊಳಗೆ ಕಾರ್ಡನ್ನೇ ದುರುಗುಟ್ಟಿ ನೋಡಿದರು. "ಎರಡು ತಿಂಗಳು ಹಾಜರಿ ಹಾಕಿಸ್ಕೊಂಡು ಒಂದು ದಿನಾನೂ ಗ್ರೌಂಡಿಗೆ ಇಳಿದಿಲ್ಲ ನೋಡಿ ಇವನು. ನನ್ನ ಕ್ಲಾಸಲ್ಲಿ ಇದ್ದಿದ್ರೆ ಹತ್ತು ರೌಂಡ್ ಓಡಿಸ್ತಿದ್ದೆ."

೨. ನಲವತ್ತು ದಾಟಬಾರದು

ನೆಲಮಂಗಲದ ಕಡೆಯ ಒಬ್ಬ ಬಸ್ ಡ್ರೈವರ್. ಇಡೀ ದಿನ ಬಸ್ ಓಡಿಸಿ ಮನೆಗೆ ಹೋಗಿ ಕಂಪ್ಯೂಟರಲ್ಲಿ ಕಾರು ಓಡಿಸ್ತಾರೆ. "ಇಲ್ಲಿ ಯಾರೂ ಚಿಲ್ಲರೆಗೆ ಜಗಳ ಆಡಲ್ಲ ಮೇಡಂ, ಬೆಲ್ ಹೊಡೆಯಲ್ಲ," ಅಂತ ಅವರ ಸಮಾಧಾನ.

ಅವರು ಲ್ಯಾಪ್‌ಟಾಪ್ ತಂದಿದ್ದು ಕೀಬೋರ್ಡ್ ಬದಲಾಯಿಸೋಕೆ. ಆಟ ಹೇಗೆ ಓಡ್ತಿದೆ ಅಂತ ಸುಮ್ಮನೆ ಕೇಳಿದೆ.

"ಚೆನ್ನಾಗಿದೆ. ನಲವತ್ತು ದಾಟಿದ್ರೆ ಮಾತ್ರ ಹಿಡ್ಕೊಳುತ್ತೆ. ಅದೇನು ತೊಂದ್ರೆ ಇಲ್ಲ ಬಿಡಿ, ನಮ್ಮ ಬಸ್ಸಿಗೂ ಸ್ಪೀಡ್ ಗವರ್ನರ್ ಹಾಕವ್ರಲ್ಲ, ಹಂಗೇ."

ನಾಲ್ಕು ತಿಂಗಳಿಂದ ಆ ಮನುಷ್ಯ ರೇಸ್ ಕಾರನ್ನ ನಲವತ್ತರಲ್ಲಿ ಓಡಿಸ್ತಿದ್ದರು. ಸಿಗ್ನಲ್ ಬಂದರೆ ನಿಲ್ಲಿಸ್ತಿದ್ದರು. ಗವರ್ನರೂ ಇಲ್ಲ ಏನೂ ಇಲ್ಲ. ಆಟವನ್ನ ಹಳೇ ಹಾರ್ಡ್ ಡಿಸ್ಕಿಗೆ ತುಂಬಿದ್ದರು. ಕಾರು ಜೋರಾಗಿ ಹೋದರೆ ಮುಂದಿನ ರಸ್ತೆ, ಮನೆ, ಮರ ಎಲ್ಲ ಡಿಸ್ಕಿನಿಂದ ಅಷ್ಟೇ ಜೋರಾಗಿ ಬರಬೇಕು. ಮುದಿ ಡಿಸ್ಕು ಓಡಿ ಬರೋಕೆ ಆಗದೆ ಏದುಸಿರು ಬಿಡ್ತಿತ್ತು. ಅದನ್ನ ತೆಗೆದು ಅದಕ್ಕಿಂತ ಎಷ್ಟೋ ಪಾಲು ಚುರುಕಾದ ಹೊಸ ಎಸ್‌ಎಸ್‌ಡಿ ಹಾಕಿದೆ, ಆಟ ಅದಕ್ಕೆ ವರ್ಗಾಯಿಸಿದೆ. ಅವರೆದುರಿಗೇ ನೂರಾ ಎಂಬತ್ತರಲ್ಲಿ ಓಡಿಸಿ ತೋರಿಸಿದೆ. ಒಂದು ಸಲವೂ ಎಳೆಯಲಿಲ್ಲ. ಅವರು ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡು ನೋಡಿದರು.

ಮೂರು ದಿನಕ್ಕೆ ವಾಪಸ್ ಬಂದರು. ಮುಖ ಸಪ್ಪಗಿತ್ತು.

"ಮತ್ತೆ ಎಳೀತಿದೆಯಾ?"

"ಎಳೀತಿಲ್ಲ ಮೇಡಂ. ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ನನ್ನ ಮೇಲೆ ಒಂದು ಕೇಸಿಲ್ಲ. ನಿಮ್ಮ ಪಾರ್ಟು ಹಾಕಿದ್ಮೇಲೆ ನಿನ್ನೆ ಒಂದೇ ದಿನ ಆಟದ ಪೊಲೀಸ್ನೋರು ನಾಲ್ಕು ಸಲ ಹಿಡಿದ್ರು. ಹಳೇದೇ ಹಾಕ್ಕೊಡಿ."

೩. ಪೇಶೆಂಟ್ ಹೇಗಿದೆ?

ಒಬ್ಬರು ನರ್ಸ್. ಆಸ್ಪತ್ರೆಯ ಐಸಿಯು ಡ್ಯೂಟಿ. "ಅರವತ್ತರಿಂದ ಐವತ್ತೆಂಟಕ್ಕೆ ಬೀಳ್ತಿದೆ ಮೇಡಂ," ಅಂತ ಗಾಬರಿಯಲ್ಲಿ ಲ್ಯಾಪ್‌ಟಾಪ್ ತಂದರು. ಆಡಿ ನೋಡಿದೆ. ಬೆಣ್ಣೆ ಹಾಗಿತ್ತು. ಸೆಕೆಂಡಿಗೆ ಎಷ್ಟು ಚಿತ್ರ ಬರ್ತಿದೆ ಅಂತ ಪರದೆಯ ಮೂಲೆಯಲ್ಲಿ ಸಂಖ್ಯೆ ತೋರಿಸೋ ಹಾಗೆ ಇಟ್ಕೊಂಡಿದ್ದರು. ಆಟ ಆಡ್ತಿರಲಿಲ್ಲ, ಆ ಸಂಖ್ಯೆಯನ್ನೇ ಕಾಯ್ತಿದ್ದರು. ಐವತ್ತೊಂಬತ್ತಾದರೆ ಕುದುರೆ ನಿಲ್ಲಿಸಿ ಇಳಿದುಬಿಡೋರು.

ನಾನು ಆ ಸಂಖ್ಯೆ ಬರದ ಹಾಗೆ ಮಾಡಿ, "ಈಗ ಆಡಿ," ಅಂದೆ. ಅರ್ಧ ಗಂಟೆ ಆರಾಮಾಗಿ ಆಡಿದರು. ಆಮೇಲೆ ತಿರುಗಿ, "ಈಗ ಹೆಂಗಿದೆ ಅಂತ ಗೊತ್ತಾಗೋದು ಹೇಗೆ?" ಅಂದರು.

"ಎದ್ದು ಓಡಾಡ್ತಿದೆಯಲ್ಲ ಸಿಸ್ಟರ್. ಡಿಸ್ಚಾರ್ಜ್ ಮಾಡಿ," ಅಂದೆ.

೪. ಬಣ್ಣದ ಸಾಕ್ಷಿ

ನಮ್ಮೂರಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಕಡಿಮೆ. ನಾಲ್ಕು ವಿದ್ಯುತ್ ಮಗ್ಗ ಇಟ್ಟಿರೋ ಒಬ್ಬರು ಮನೆಗೇ ಕರೆಸಿದರು. ಅವರ ದೂರು: ಆಟ ಹತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಎಳೆಯೋಕೆ ಶುರು. ಅಷ್ಟು ಕೇಳಿದರೆ ಸಾಕು, ಅದು ಬಿಸಿಯ ಕಾಯಿಲೆ. ಪ್ರೊಸೆಸರು ಕಾದುಹೋದರೆ ಸುಟ್ಟುಹೋಗಬಾರದು ಅಂತ ತಾನೇ ನಿಧಾನ ಆಗುತ್ತೆ.

"ಒಳಗೆ ಧೂಳು ಕಟ್ಟಿದೆ, ಬಿಚ್ಚಬೇಕು," ಅಂದೆ.

"ಚಾನ್ಸೇ ಇಲ್ಲ ಮೇಡಂ. ತಿಂಗಳಿಗೊಂದ್ಸಲ ನಾನೇ ಕ್ಲೀನ್ ಮಾಡ್ತೀನಿ. ಬೇರೆ ಏನೋ ಇರಬೇಕು."

ಅವರ ತಾಯಿ ಪಕ್ಕದಲ್ಲೇ ಕೂತು ಲಾಳಿಗೆ ನೂಲು ಸುತ್ತುತ್ತಿದ್ದರು. ನಲವತ್ತು ವರ್ಷ ನೇಯ್ದ ಕೈ. "ಬಿಚ್ಚಮ್ಮ, ನೋಡೇ ಬಿಡಾನ," ಅಂದರು. ಬಿಚ್ಚಿದೆ. ಫ್ಯಾನಿನ ಹಿಂದೆ ನೂಲಿನ ಎಳೆ, ಧೂಳು ಸೇರಿ ದಪ್ಪ ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಇಡಿಯಾಗಿ ಕಿತ್ತು ಅಮ್ಮನ ಅಂಗೈ ಮೇಲಿಟ್ಟೆ.

ಅವರು ಕನ್ನಡಕ ಏರಿಸಿ ಅದನ್ನ ಪದರ ಪದರವಾಗಿ ಬಿಡಿಸಿದರು. "ಈ ಮೇಲಿನ ಗುಲಾಬಿ, ಹೋದ ತಿಂಗಳ ಸೀರೆದು. ಅದರ ಕೆಳಗೆ ಗಿಣಿ ಹಸಿರು, ಅದು ಯುಗಾದಿಗೆ ನೇಯ್ದಿದ್ದು. ಈ ನೇರಳೆ ನಿನ್ನ ಮದುವೇಲಿ ಬೀಗರಿಗೆ ಕೊಟ್ಟಿದ್ದು." ಕೊನೆಯ ಪದರಕ್ಕೆ ಬಂದಾಗ ನಿಲ್ಲಿಸಿ ಮಗನ ಮುಖ ನೋಡಿದರು.

"ಈ ಕಾಫಿಪುಡಿ ಬಣ್ಣದ ನೂಲು ತರೋದನ್ನ ನಿಮ್ಮಪ್ಪ ಬಿಟ್ಟು ಐದು ವರ್ಷ ಆಯ್ತು ಕಣಪ್ಪ. ಅದ್ಯಾವ ತಿಂಗಳು ಕ್ಲೀನ್ ಮಾಡಿದ್ದು ನೀನು?"

೫. ಮಂಗಳವಾರ, ಗುರುವಾರ, ಶನಿವಾರ

ನನ್ನನ್ನ ಸೋಲಿಸೋಕೆ ಬಂದಿದ್ದ ಕೇಸು ಇದು. ಗಿರಾಕಿ ಸೋಂಪುರದ ಇನ್ನೊಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಮನೆ ಘಾಟಿ ಸುಬ್ರಹ್ಮಣ್ಯದ ದಾರಿಯ ಒಂದು ಹಳ್ಳಿಯಲ್ಲಿ. ತಪ್ಪು ಹುಡುಕೋದೇ ವೃತ್ತಿ ಆದ್ದರಿಂದ ದೂರನ್ನೂ ಚಾರ್ಟ್ ಹಾಕಿ ತಂದಿದ್ದರು. ಚಳಿಗಾಲ ಶುರುವಾದಾಗಿಂದ ಮಂಗಳವಾರ, ಗುರುವಾರ, ಶನಿವಾರ ಸಂಜೆ ಆಟ ಎಳೆಯುತ್ತೆ. ಮಿಕ್ಕ ದಿನ ಏನೂ ಇಲ್ಲ.

ಅಂಗಡಿಯಲ್ಲಿ ಓಡಿಸಿದೆ, ಮಂಗಳವಾರವೇ ಓಡಿಸಿದೆ. ಕುದುರೆ ಒಂದು ಹೆಜ್ಜೆ ತಪ್ಪಲಿಲ್ಲ. ಆದರೂ ಪ್ರೊಸೆಸರಿಗೆ ಬಿಸಿ ಸಾಗಿಸೋ ಹೊಸ ಪೇಸ್ಟ್ ಹಚ್ಚಿ ಕಳಿಸಿದೆ. ಗುರುವಾರ ಎಳೆಯಿತು. ಮತ್ತೆ ತರಿಸಿ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಬದಲಾಯಿಸಿದೆ, ವಾರಕ್ಕೆ ಮೂರು ದಿನ ತಾನಾಗೇ ಏಳೋ ಅಪ್‌ಡೇಟ್ ಏನಾದರೂ ಇದೆಯಾ ಅಂತ ಜಾಲಾಡಿದೆ. ಶನಿವಾರ ಎಳೆಯಿತು. ಅವರು ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡಿ ಮೇಡಂ. ಬೆಂಗಳೂರಿಗೇ ತಗೊಂಡು ಹೋಗ್ತೀನಿ," ಅಂದರು.

ಬೇಜಾರಾಗದೆ ಇರುತ್ತಾ? ಅವತ್ತು ಊಟ ಸೇರಲಿಲ್ಲ. "ನಾಳೆ ಭಾನುವಾರ ನಾನೇ ಮನೆಗೆ ಬರ್ತೀನಿ. ಅಲ್ಲೂ ಗೊತ್ತಾಗದಿದ್ರೆ ಕಾರಿಗೆ ನಾನೇ ಎತ್ತಿಡ್ತೀನಿ," ಅಂದೆ.

ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದೆ. ಕಂಪ್ಯೂಟರ್ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಗಿಡ್ಡ ಮೇಜಿನ ಕೆಳಗಿತ್ತು. ವೋಲ್ಟೇಜ್ ನೋಡಿದೆ, ಸರಿಯಿತ್ತು. ಒಂದು ಗಂಟೆ ಆಡಿದೆ. ಎಳೆಯಲಿಲ್ಲ. ಇನ್‌ಸ್ಪೆಕ್ಟರು ಕೈ ಕಟ್ಟಿ ನಿಂತಿದ್ದರು, ನನ್ನ ಕಿವಿ ಬಿಸಿಯಾಗ್ತಿತ್ತು.

ಅಷ್ಟರಲ್ಲಿ ಅವರ ಅಜ್ಜಿ ಕರೆದರು. "ಮೊದ್ಲು ತಿಂಡಿ ತಿನ್ನವ್ವ. ಅದೆಲ್ಲೂ ಓಡೋಗಾಕಿಲ್ಲ."

ಇಡ್ಲಿ ಕೊಟ್ಟರು. ಹತ್ತಿಯ ಹಾಗಿತ್ತು. ಹೊರಗೆ ನಂದಿ ಬೆಟ್ಟದ ಕಡೆಯಿಂದ ಮೂಳೆ ಕೊರೆಯೋ ಗಾಳಿ. ನಮ್ಮ ಮನೇಲಿ ಒಂದು ತಿಂಗಳಿಂದ ಹಿಟ್ಟು ಹುಳಿ ಬಂದೇ ಇರಲಿಲ್ಲ. ಸೋಲಿನ ನಡುವೆಯೂ ತಡೆಯೋಕಾಗಲಿಲ್ಲ. "ಅಜ್ಜಿ, ಈ ಚಳೀಲಿ ಹಿಟ್ಟು ಹೆಂಗೆ ಇಷ್ಟು ಉಬ್ಬುತ್ತೆ?" ಅಂದೆ.

ಅಜ್ಜಿ ಮುಖ ಅರಳಿತು. "ಬಾ ತೋರುಸ್ತೀನಿ."

ಕೈ ಹಿಡ್ಕೊಂಡು ಅಡುಗೆಮನೆ ದಾಟಿ ಸೀದಾ ಕಂಪ್ಯೂಟರ್ ಕೋಣೆಗೇ ಕರ್ಕೊಂಡು ಬಂದರು. ಬಗ್ಗಿ ಮೇಜಿನ ಕೆಳಗೆ, ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿ ತೋರಿಸಿದರು. "ಇಲ್ಲಿ ಬೆಚ್ಚಗೆ ಗಾಳಿ ಬತ್ತದೆ. ಸಂಜೆ ರುಬ್ಬಿ, ಪಾತ್ರೆ ಒತ್ತಿ ಇಟ್ಟು, ಸುತ್ತ ಶಾಲು ತುರುಕಿಬಿಟ್ರೆ ಆಯ್ತು. ಬೆಳಿಗ್ಗೆ ಹೊತ್ಗೆ ಉಕ್ಕಿರ್ತದೆ."

"ವಾರದಲ್ಲಿ ಯಾವ್ಯಾವಾಗ ಇಡ್ತೀರಜ್ಜಿ?"

"ಮಂಗಳವಾರ, ಗುರುವಾರ, ಶನಿವಾರ."

ಬಿಸಿಗಾಳಿ ಹೊರಗೆ ಹೋಗೋ ಒಂದೇ ಕಿಂಡಿಗೆ ಆರು ಸೇರು ಹಿಟ್ಟಿನ ಪಾತ್ರೆ, ಮೇಲೆ ಉಣ್ಣೆ ಶಾಲು. ಪ್ರೊಸೆಸರು ಒಳಗೆ ಬೇಯ್ತಿತ್ತು. ದಿನಕ್ಕೆ ಸಾವಿರ ಪಾರ್ಟು ತಿರುಗಿಸಿ ನೋಡಿ ಕೂದಲೆಳೆ ತಪ್ಪು ಹಿಡಿಯೋ ಇನ್‌ಸ್ಪೆಕ್ಟರು ತಮ್ಮ ಕಾಲ ಬುಡದ ಹಿಟ್ಟು ಕಂಡಿರಲಿಲ್ಲ. ಅವರು ಚಾರ್ಟನ್ನ ಮಡಚಿ ಜೇಬಿಗೆ ಇಟ್ಕೊಂಡರು. ಬೆಂಗಳೂರಿನ ಮಾತು ಮತ್ತೆ ಎತ್ತಲಿಲ್ಲ.

ಪಾತ್ರೆ ಇನ್ನು ಅಡುಗೆಮನೆಯಲ್ಲೇ ಇರಲಿ ಅಂತ ಹೇಳಿ ಎದೆಯುಬ್ಬಿಸಿಕೊಂಡು ಬಂದೆ. ಬುಧವಾರ ಅಜ್ಜಿಯ ಫೋನು. "ಅವ್ನ ಆಟ ಸರಿಯೋಯ್ತು, ನನ್ನ ಇಡ್ಲಿ ಕಲ್ಲಾಯ್ತು. ಬಂದು ಅದ್ನೂ ಸರಿ ಮಾಡು."

ಹೋದೆ. ಪೆಟ್ಟಿಗೆಯನ್ನ ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದೆ, ಹಿಂದುಗಡೆ ಮಣೆ ಹಾಕಿ, ಗಾಳಿ ಪಾತ್ರೆಯ ಪಕ್ಕದಿಂದ ಸವರಿಕೊಂಡು ಹೊರಗೆ ಹೋಗೋ ಹಾಗೆ ಜಾಗ ಗುರುತು ಮಾಡಿಕೊಟ್ಟೆ. ಗುರುವಾರ ಸಂಜೆ ಇನ್‌ಸ್ಪೆಕ್ಟರ್ ಫೋನ್ ಮಾಡಿ ಅರವತ್ತು ಅಂದರು. ಶುಕ್ರವಾರ ಬೆಳಿಗ್ಗೆ ಅಜ್ಜಿ ಫೋನ್ ಮಾಡಿ ಹತ್ತಿ ಅಂದರು. ಸೋಂಪುರದ ಕಾರ್ಖಾನೆಯಲ್ಲಿ ಆರು ವರ್ಷ ಕೈ ಸುಟ್ಕೊಂಡಿದ್ದು ಸಾರ್ಥಕ ಅನ್ನಿಸಿತು.

ಆ ವಾರದ ಸಂತೆ ದಿನ, ಅದೇ ಹಳ್ಳಿಯ ಇಬ್ಬರು ಹೆಂಗಸರು ಅಂಗಡಿ ಹುಡುಕಿಕೊಂಡು ಬಂದರು. ಹಿರಿಯಾಕೆ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ಮುಟ್ಟಿ ನೋಡಿ, ಒಂದರ ಹಿಂದೆ ಕೈ ಇಟ್ಟು ಬಿಸಿ ಪರೀಕ್ಷೆ ಮಾಡಿ ಕೇಳಿದರು:

"ಇಡ್ಲಿ ಹಿಟ್ಟು ಉಬ್ಸೋ ಮಿಷಿನ್ ಇಂಥದ್ದೇ ಅಲ್ವ್ರಾ? ನಮಗೂ ಒಂದು ಕೊಡಿ. ಆಟ ಗೀಟ ಏನೂ ಬ್ಯಾಡ, ಬರೀ ಹಿಟ್ಟಿಂದು ಇದ್ರೆ ಸಾಕು."