ಔರಾದ ಬಸ್ಸಿಗೆ ಯಹೂದಿ ನಿಯೋಗ

ಬೀದರದಲ್ಲಿ ಯಹೂದಿ ಸಮುದಾಯ ಅಂದರೆ ನಾನು. ಬೇರೆ ಯಾರೂ ಇಲ್ಲ. ಹೀಗಿರುವಾಗ ಸಮುದಾಯದ ಪರವಾಗಿ ಸಮಾಜಸೇವೆಗೆ ಇಳಿದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಯಾರ ತಪ್ಪೂ ಅಲ್ಲ.

ನನ್ನ ಅಜ್ಜ ಕೊಂಕಣದ ಕಡಲ ದಂಡೆಯವರು. ನಿಜಾಮರ ಕಾಲದಲ್ಲಿ ರಸ್ತೆ ಅಳೆಯುವ ನೌಕರಿಗೆ ಬಂದು, ಅಳೆಯುವುದು ಮುಗಿದ ಮೇಲೆ ವಾಪಸು ಹೋಗಲು ಮರೆತರು. ಉಳಿದ ನೆಂಟರೆಲ್ಲ ಮುಂಬೈ, ಠಾಣೆ, ಅಲ್ಲಿಂದಾಚೆಗೆ ಚದುರಿದರು. ನಾನು ದುಭಾಷಿ ಕೆಲಸ ಹಿಡಿದು ದೇಶ ದೇಶ ಸುತ್ತಿದೆ. ಪ್ರತಿ ಊರಿನಲ್ಲೂ ಇನ್ನು ಇಲ್ಲೇ ಇರುತ್ತೇನೆ ಅಂದೆ. ಅಂದ ಮರುವಾರವೇ ಬೇಸರ ಬಂತು. ಕೊನೆಗೆ ಎಲ್ಲ ಊರುಗಳೂ ಮುಗಿದು ಬೀದರ ಒಂದೇ ಉಳಿಯಿತು.

ಬಂದ ತಿಂಗಳೇ ಮುಂಬೈಯಿಂದ ಫೋನು. ನಮ್ಮ ಸಮುದಾಯದ ಮಹಿಳಾ ಸಂಘದ ಕಾರ್ಯದರ್ಶಿ. ಎಲ್ಲರಿಗೂ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಮರಾಠಿಯಲ್ಲಿ ಅಪ್ಪಣೆ ಕೊಡಿಸಿದರು: "ನಾವಿರೋದು ಕೆಲವೇ ಮಂದಿ. ಅದಕ್ಕೇ ಊರಿನ ಕೆಲಸದಲ್ಲಿ ಎದ್ದು ಕಾಣಬೇಕು. ರಾಷ್ಟ್ರೀಯ ಸಮಸ್ಯೆಗಳನ್ನು ನಾವಿಲ್ಲಿ ನೋಡಿಕೊಳ್ಳುತ್ತೇವೆ. ಸ್ಥಳೀಯ ಸಮಸ್ಯೆಗಳನ್ನು ನೀನು ನೋಡು." ಬೀದರ ಜಿಲ್ಲೆಯನ್ನು ಹೀಗೆ ನನಗೆ ವಹಿಸಿಕೊಟ್ಟು ಫೋನಿಟ್ಟರು.

ಭಾನುವಾರಗಳಂದು ಸಂತಪುರದಲ್ಲಿ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿದೆ. ಪಕ್ಕದ ಹಳ್ಳಿಯಿಂದ ನಡೆದು ಬರುವ ಒಬ್ಬ ಹುಡುಗಿಗೆ ಔರಾದಿನ ಕಾಲೇಜಿನಲ್ಲಿ ಪಿಯು ಸೈನ್ಸ್ ಸೀಟು ಸಿಕ್ಕಿತ್ತು. ಆದರೆ ಅವಳ ಹಳ್ಳಿಯಿಂದ ಹೊರಡುವ ಮೊದಲ ಬಸ್ಸು ಔರಾದ ಮುಟ್ಟುವಾಗ ಕಾಲೇಜು ಬಿಡುವ ಹೊತ್ತಾಗುತ್ತಿತ್ತು. ಅವಳಪ್ಪ ದಸರೆಯವರೆಗೆ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಮುಂಜಾನೆಯ ಬಸ್ಸು ಶುರುವಾಗದಿದ್ದರೆ ಓದು ಬಂದ್, ಉದಗೀರದ ಕಡೆಯ ವರನ ಜೊತೆ ಮಾತುಕತೆ.

"ಮೇಡಂ, ಬಸ್ ಬರಲಿಲ್ಲಂದ್ರ ಮದುವಿ ಬರ್ತದ್ರಿ," ಅಂದಳು, ನಾಳೆ ಮೋಡ ಕವಿಯುತ್ತದೆ ಅನ್ನುವ ದನಿಯಲ್ಲಿ.

ಮಾವಶಿಗೆ ತಿಳಿಸಿದೆ. ಅವರು ಯೋಚಿಸಿ ತೀರ್ಪು ಕೊಟ್ಟರು: ಮದುವೆ ರಾಷ್ಟ್ರೀಯ ಸಮಸ್ಯೆ, ಬಸ್ಸು ಸ್ಥಳೀಯ ಸಮಸ್ಯೆ. ನಾನು ಬಸ್ಸಿನ ಬೆನ್ನು ಹತ್ತಿದೆ.

ವಿರೋಧಿ ಬಣ

ಔರಾದಿನ ಒಂದು ಸರಕಾರಿ ಕಚೇರಿಗೆ ಫೋನ್ ಮಾಡಿ, ಮಾವಶಿ ಹೇಳಿಕೊಟ್ಟ ಹಾಗೆಯೇ, "ಯಹೂದಿ ಸಮಾಜದ ನಿಯೋಗ ಸಾಹೇಬರನ್ನು ಕಾಣಲು ಬರುತ್ತಿದೆ" ಅಂದಿದ್ದೆ. ಹೋಗಿ ನೋಡಿದರೆ ಆಚೀಚೆ ಕೋಣೆಗಳಿಂದ ಕುರ್ಚಿ ತರಿಸಿ ಸಾಲಾಗಿ ಹಾಕಿಸಿದ್ದರು. ಗುಮಾಸ್ತರು ಎದ್ದು ನಿಂತರು.

"ಬರ್ರಿ, ಬರ್ರಿ. ಉಳದವ್ರು?"

"ಇಷ್ಟೇ ರಿ."

"ಹೊರಗ ನಿಂತಾರೇನ್ರಿ? ಬರಹೇಳ್ರಿ, ಕುರ್ಚಿ ಭಾಳ ಅದಾವು."

"ಮುಂಬೈದಾಗ ಅದಾರ್ರಿ."

ಅವರು ಬಾಗಿಲ ಕಡೆ ಇನ್ನೊಮ್ಮೆ ನೋಡಿದರು. "ಅಧ್ಯಕ್ಷರು ಯಾರ್ರಿ?"

"ನಾನೇ ರಿ."

"ಖಜಾಂಚಿ?"

"ಅದೂ ನಾನೇ."

"ವಿರೋಧಿ ಬಣ?"

"ಅದೂ ನಾನೇ ರಿ. ಆದ್ರ ಇವತ್ತ ಕರ್ಕೊಂಡು ಬಂದಿಲ್ಲ."

ಗುಮಾಸ್ತರು ನಿಟ್ಟುಸಿರು ಬಿಟ್ಟರು. "ಪುಣ್ಯವಂತ್ರು ನೀವು. ನಮ್ಮ ಸಮಾಜದಾಗ ಎರಡು ಸಂಘ. ಒಂದಕ್ಕ ಅಣ್ಣ ಅಧ್ಯಕ್ಷ, ಇನ್ನೊಂದಕ್ಕ ತಮ್ಮ."

ಸಾಹೇಬರು ಮನವಿ ಓದಿ, ಬಸ್ಸು ತಮ್ಮ ಕೈಯಲ್ಲಿಲ್ಲ, ಡಿಪೋ ಮ್ಯಾನೇಜರ ಕೈಯಲ್ಲಿದೆ ಅಂದರು. ಅಷ್ಟರಲ್ಲಿ ಇಡೀ ನಿಯೋಗಕ್ಕೆಂದು ಹೇಳಿದ್ದ ಚಹಾ ಬಂತು. ಸಮುದಾಯದ ಮರ್ಯಾದೆಯ ಪ್ರಶ್ನೆ. ಅಷ್ಟೂ ಕಪ್ಪು ನಾನೇ ಕುಡಿದೆ.

ನಮ್ಮ ಹುಡುಗರು

ನಿಯೋಗದ ಸುದ್ದಿ ಬೀದರದ ಪೊಲೀಸರಿಗೂ ಮುಟ್ಟಿರಬೇಕು. ಗಣೇಶ ಹಬ್ಬದ ಮುಂಚಿನ ಶಾಂತಿ ಸಭೆಗೆ ನನಗೂ ಕರೆ ಬಂತು. ಎಲ್ಲ ಸಮಾಜಗಳ ಮುಖಂಡರು ಕೂತಿದ್ದರು. ಇನ್‌ಸ್ಪೆಕ್ಟರು ಒಬ್ಬೊಬ್ಬರ ಕಡೆ ತಿರುಗಿ, "ನಿಮ್ಮ ಹುಡುಗರಿಗೆ ಜರಾ ತಿಳಿಸಿ ಹೇಳ್ರಿ, ಗಲಾಟಿ ಆಗಬಾರ್ದು," ಅನ್ನುತ್ತ ಬಂದು ನನ್ನ ಮುಂದೆ ನಿಂತರು. ಹಾಳೆ ನೋಡಿಕೊಂಡರು. ನನ್ನನ್ನು ನೋಡಿದರು. ಬಿಟ್ಟು ಹೋದರೆ ಭೇದ ಮಾಡಿದ ಹಾಗಾಗುತ್ತದೆ ಅನ್ನಿಸಿತೇನೋ.

"ನೀವೂ ನಿಮ್ಮ ಹುಡುಗರಿಗೆ ಹೇಳ್ರಿ ಮೇಡಂ."

"ಹೇಳ್ತೇನ್ರಿ. ಆದ್ರ ನಮ್ದೊಂದು ಬಸ್ಸಿನ ವಿಷಯ ಅದ."

ಹೇಳಿದೆ. ಇಲ್ಲಿ ಶಾಂತಿಯ ಮಾತು ಮಾತ್ರ ಆಡಬೇಕು ಎಂದು ಒಬ್ಬರು ತಕರಾರು ತೆಗೆದರು. ಆದರೆ ಯಹೂದಿಗಳ ಮೇಲೆ ಬೀದರದಲ್ಲಿ ಯಾರಿಗೂ ಹಳೆಯ ಸಿಟ್ಟಿಲ್ಲ. ಸಿಟ್ಟಾಗುವಷ್ಟು ಮಂದಿ ನಾವಿಲ್ಲ. ನನ್ನ ಬಸ್ಸಿಗೆ ಒಂದು ಸಮಾಜದವರು ಕೈ ಎತ್ತಿದರು. ಅವರು ಎತ್ತಿದರೆಂದು ಎದುರಿನವರೂ ಎತ್ತಿದರು. ಆ ಸಭೆಯಲ್ಲಿ ಎಲ್ಲರೂ ಒಪ್ಪಿದ್ದು ಅದೊಂದನ್ನೇ.

ಹೊರಡುವಾಗ ಇನ್‌ಸ್ಪೆಕ್ಟರು ಮತ್ತೆ ಕೂಗಿ ಹೇಳಿದರು: "ಬಸ್ ಸಲುವಾಗಿ ನಿಮ್ಮ ಹುಡುಗರು ರಸ್ತಾ ರೋಕೋ ಅದು ಇದು ಮಾಡಬಾರ್ದು ನೋಡ್ರಿ."

ನಾನು ಮಾತು ಕೊಟ್ಟೆ. ಇವತ್ತಿನವರೆಗೂ ಒಬ್ಬನೂ ಮಾಡಿಲ್ಲ.

ಮುಂಗಡ ಧನ್ಯವಾದ

ಡಿಪೋಗೆ ಕಳಿಸಿದ ಮನವಿಗೆ ಉತ್ತರವಿಲ್ಲ. ದಸರೆ ಹತ್ತಿರ ಬರುತ್ತಿತ್ತು. ಮಾವಶಿ ತಮ್ಮ ಹಳೆಯ ವಿದ್ಯೆಯೊಂದನ್ನು ಪ್ರಯೋಗಿಸಿದರು: ಕೆಲಸ ಆಗುವ ಮೊದಲೇ ಧನ್ಯವಾದ ಹೇಳಿಬಿಡುವುದು. ಮನುಷ್ಯ ನಾಚಿಕೊಂಡು ಕೆಲಸ ಮಾಡುತ್ತಾನೆ. ದೊಡ್ಡ ದೊಡ್ಡ ಕಚೇರಿಗಳಲ್ಲಿ ಫಲಿಸಿದ ವಿದ್ಯೆಯಂತೆ.

ಮುಂಬೈಯಿಂದ ದಿನಕ್ಕೊಬ್ಬ ಹೆಂಗಸು ಡಿಪೋ ಮ್ಯಾನೇಜರಿಗೆ ಫೋನ್ ಮಾಡಿ ಮರಾಠಿಯಲ್ಲಿ, "ನೀವು ಆ ಹಳ್ಳಿಗೆ ಮುಂಜಾನೆ ಬಸ್ಸು ಬಿಟ್ಟು ಬಹಳ ಪುಣ್ಯ ಕಟ್ಟಿಕೊಂಡಿರಿ," ಅಂದು ಇಟ್ಟುಬಿಡುತ್ತಿದ್ದಳು.

ಮ್ಯಾನೇಜರು ನಾಚಿಕೊಳ್ಳಲಿಲ್ಲ, ಗಾಬರಿಯಾದರು. ತಮಗೆ ಗೊತ್ತಿಲ್ಲದೆ ಬಸ್ಸು ಬಿಟ್ಟವರು ಯಾರೆಂದು ಡಿಪೋದಲ್ಲಿ ವಿಚಾರಣೆ ನಡೆಸಿದರು. ಡ್ರೈವರುಗಳನ್ನೆಲ್ಲ ಕರೆಸಿ ಕೇಳಿದರು. ವಾರದ ಕೊನೆಗೆ ನನಗೇ ಫೋನ್ ಬಂತು, ನಿರಾಳವಾದ ದನಿ:

"ಮೇಡಂ, ಪಕ್ಕಾ ಮಾಡ್ಕೊಂಡೇನ್ರಿ. ಆ ಹಳ್ಳಿಗೆ ಮುಂಜಾನಿ ನಮ್ಮ ಯಾವ ಬಸ್ಸೂ ಹೋಗಿಲ್ಲ. ಚಿಂತಿ ಮಾಡಬ್ಯಾಡ್ರಿ."

ಭಾಲ್ಕಿಯ ಅಡುಗೆಮನೆ

ಡಿಪೋ ಮ್ಯಾನೇಜರು ಯಾರ ಮಾತಿಗಾದರೂ ಹೆದರುತ್ತಾರೆಯೇ ಎಂದು ವಿಚಾರಿಸಿದಾಗ ಒಂದೇ ಹೆಸರು ಬಂತು: ಭಾಲ್ಕಿಯಲ್ಲಿ ಅವರಿಗೆ ಪಾಠ ಹೇಳಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್. ಊರಿಗೆಲ್ಲ ಅವರು ಬಾಯಾರು, ಅಂದರೆ ಟೀಚರಮ್ಮ. ಸ್ನಾನ, ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ಮಾವಶಿ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದರು. ಊಟ ಬಾಯಾರ ಮನೆಯಲ್ಲಿ.

ಇಳಿದಾಗಲೇ ಮಾವಶಿಯ ಮುಖದಲ್ಲಿ ಚಿಂತೆ. ನಮ್ಮಲ್ಲಿ ಮಾಂಸ ಬೇಯಿಸಿದ ಪಾತ್ರೆಗೆ ಹಾಲು ಬೀಳಬಾರದು, ಹಾಲಿನ ಪಾತ್ರೆಗೆ ಮಾಂಸ ಬೀಳಬಾರದು. ಗೊತ್ತಿಲ್ಲದ ಮನೆ. ಬಾಯಾರ ಮುಖದಲ್ಲೂ ಚಿಂತೆ. ಮುಂಬೈಯವರು, ಏನೇನು ತಿಂದ ಕೈಯೋ. ಇಬ್ಬರೂ ಹೊಸ್ತಿಲ ಆಚೀಚೆ ನಿಂತು ಒಬ್ಬರನ್ನೊಬ್ಬರು ನೋಡಿ ನಕ್ಕರು. ದುಭಾಷಿ ನಾನು.

ಮಾವಶಿ ನನ್ನ ಕಿವಿಯಲ್ಲಿ, "ಇವರ ಮನೆಯಲ್ಲಿ ಮಾಂಸದ ಪಾತ್ರೆ ಬೇರೆ ಇದೆಯಾ, ಮೆಲ್ಲಗೆ ಕೇಳು," ಅಂದರು. ದೇಶ ದೇಶಗಳಲ್ಲಿ ರಾಯಭಾರಿಗಳ ಜಗಳವನ್ನು ಅನುವಾದಿಸಿದ್ದೇನೆ. ಇಷ್ಟು ಬೆವರಿರಲಿಲ್ಲ. ಕೇಳಿದೆ.

ಬಾಯಾರು ಕಿವಿ ಮುಚ್ಚಿಕೊಂಡರು. "ಆ ಶಬ್ದ ನಮ್ಮ ಮನ್ಯಾಗ ಅನ್ನಂಗಿಲ್ಲವಾ! ಅನ್ನೂದಿದ್ರ ಅಂಗಳಕ್ಕ ಹೋಗಿ ಅಂದು ಬಾ."

ಅನುವಾದಿಸಿದೆ. ಮಾವಶಿಯ ಕಣ್ಣಲ್ಲಿ ನೀರು ಬಂತು. ಮುಂಬೈ ಬಿಟ್ಟು ಎಲ್ಲಿಗೆ ಹೋದರೂ ಡಬ್ಬಿಯ ಒಣ ಚಪಾತಿಯೇ ತಿನ್ನುತ್ತಿದ್ದ ಹೆಂಗಸು ಅಂದು ರೊಟ್ಟಿಯ ಮೇಲೆ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಹಾಕಿಸಿಕೊಂಡು ಉಂಡರು. ಆದರೂ ಚಮಚ ಯಾವುದರಲ್ಲಿ ತೊಳೆದಿರಿ ಎಂದು ಕೇಳಿದರು. ಕೈ ತೊಳೆದಿರಾ ಎಂದು ಬಾಯಾರು ತಿರುಗಿ ಕೇಳಿದರು.

ಆಮೇಲೆ ಬಾಯಾರು ನನ್ನನ್ನು ಪಕ್ಕಕ್ಕೆ ಕರೆದು ಅಂದರು: "ಭಾಳ ಛಲೋ ಮಂದಿ ಅದಾರವಾ. ಬರೋಬ್ಬರಿ ನಮ್ಮಷ್ಟೇ ಕಿರಿಕಿರಿ. ನಡಿ, ಅವನ ಡಿಪೋಕ್ಕ ನಾನೂ ಬರ್ತೇನಿ."

ಅವರದೇ ಕಚೇರಿ

ಡಿಪೋ ಮ್ಯಾನೇಜರು ಬಾಗಿಲಲ್ಲಿ ಬಾಯಾರನ್ನು ಕಂಡವರೇ ಎದ್ದು ನಿಂತರು. ಕೊನೆಯವರೆಗೂ ಕೂರಲಿಲ್ಲ.

"ಬಸ್ ಇಲ್ರಿ ಬಾಯಾರ. ಡ್ರೈವರ್ ಇಲ್ರಿ. ರಸ್ತಾನೂ ಖರಾಬ್ ಅದ."

ಬಾಯಾರು ನನ್ನ ಕಡೆ ತಿರುಗಿದರು. "ಏಳನೇ ಕ್ಲಾಸಿನ್ಯಾಗೂ ಹಿಂಗೇ ಇದ್ದ. ಪೆನ್ ಇಲ್ಲ, ಪಟ್ಟಿ ಇಲ್ಲ, ಹೊಟ್ಟಿ ನೋಯ್ತದ." ಮತ್ತೆ ಅವರ ಕಡೆ: "ಒಂದು ಹೆಣ್ಣು ಕೂಸಿನ ಸಾಲಿ ತಪ್ಪತದ. ನಿನ್ನ ಸಾಲಿ ತಪ್ಪಬಾರದಂತ ನಿಮ್ಮ ಮನೀತನಕ ಬಂದು ಕಿವಿ ಹಿಡಿದು ಎಳ್ಕೊಂಡು ಹೋಗಿದ್ದೆ. ನೆನಪದ?"

ಅವರ ಕೈ ತಾನಾಗಿ ಕಿವಿಗೆ ಹೋಯಿತು. ಬರುವ ಶನಿವಾರದಿಂದ ಪರೀಕ್ಷಾರ್ಥ ಒಂದು ಬಸ್ಸು ಬಿಡುತ್ತೇನೆ ಅಂದರು. "ಆದ್ರ ಮೊದಲ್ನೇ ದಿನ ಖಾಲಿ ಬಂತಂದ್ರ ಮ್ಯಾಲಿನವ್ರು ಬಂದ್ ಮಾಡ್ತಾರ್ರಿ. ಆಮ್ಯಾಗ ನನ್ನ ಕೈಯಾಗ ಇಲ್ಲ."

ಮಾತು ಮುಗಿದರೂ ಅವರು ಕೈಕಟ್ಟಿ ನಿಂತೇ ಇದ್ದರು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು: "ಹೋಗ್ಲ್ಯಾ ಬಾಯಾರ?"

ಬಾಯಾರು ಅಪ್ಪಣೆ ಕೊಟ್ಟರು. ಅವರು ಹೊರಗೆ ಹೋದರು. ನಾವು ಅವರ ಕಚೇರಿಯಲ್ಲಿ ಕೂತಿದ್ದೆವು.

ದೇವರು ಕೊಟ್ಟ ರಜೆ

ಶನಿವಾರ ಅಂದಾಗಲೇ ನನಗೆ ಕಸಿವಿಸಿಯಾಗಿತ್ತು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ನಮಗೆ ದೇವರೇ ಕೊಟ್ಟ ರಜೆ. ಕೆಲಸ ಮಾಡುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಉಳಿದ ನಿಯಮಗಳನ್ನು ನಾನು ಒಂದೊಂದು ದೇಶದಲ್ಲಿ ಒಂದೊಂದಾಗಿ ಬಿಟ್ಟುಬಂದೆ. ಇದನ್ನು ಬಿಡಲಿಲ್ಲ. ಏನೂ ಮಾಡಬೇಡ ಅನ್ನುವ ನಿಯಮವನ್ನು ಮುರಿಯಲು ಕಾರಣ ಸಿಗಲಿಲ್ಲ.

ಹಾಗಾಗಿ ಬಾಯಾರು, ಮುಂಬೈಯ ಮೂವರು, ನಾನು, ಎಲ್ಲರೂ ಶುಕ್ರವಾರವೇ ಹಳ್ಳಿಗೆ ಹೋಗಿ ಹುಡುಗಿಯ ಮನೆಯಲ್ಲಿ ಉಳಿದೆವು. ಸಂಜೆ ಮಾವಶಿ ಪದ್ಧತಿಯಂತೆ ಎರಡು ಮೇಣದಬತ್ತಿ ಹಚ್ಚಿದರು. ಹುಡುಗಿಯ ಅಪ್ಪ ಉರಿಯುತ್ತಿದ್ದ ಬಲ್ಬನ್ನೂ ಮೇಣದಬತ್ತಿಯನ್ನೂ ನೋಡಿದ. ಮುಂಬೈಯವರಿಗೆ ಏನೋ ಸುದ್ದಿ ಇರಬೇಕೆಂದು ಓಡಿ ಹೋಗಿ ಮನೆಯ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿದ.

ಮುಂಜಾನೆ ಬಸ್ಸು ಬಂತು, ಮುಂದೆ ಚೆಂಡುಹೂವಿನ ಮಾಲೆ. ಮ್ಯಾನೇಜರು ಖುದ್ದಾಗಿ ಬಂದಿದ್ದರು. ಊರಿಗೆ ಊರೇ ನೆರೆದಿತ್ತು. ಹುಡುಗಿ ಯಾರನ್ನೂ ಕಾಯದೆ ಹತ್ತಿ ಕಿಟಕಿ ಪಕ್ಕ ಕೂತಳು. ಬಾಯಾರು ಇನ್ನೂ ಮನೆಯೊಳಗೆ ಪೂಜೆಯಲ್ಲಿದ್ದರು. ಉಳಿದವರು, ಬಸ್ಸು ತಂದವರು ಮೊದಲು ಹತ್ತಲಿ ಎಂದು ನಮ್ಮನ್ನು ನೋಡುತ್ತ ನಿಂತರು.

"ಹತ್ರಿ ಮೇಡಂ," ಅಂದರು ಮ್ಯಾನೇಜರು.

"ಇವತ್ತ ನಾವು ಹತ್ತಂಗಿಲ್ರಿ."

ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಅಂದರು: "ತಂದವ್ರೇ ಹತ್ತವಲ್ರು ಅಂದ್ರ ಏನೋ ಅದ."

"ಬ್ರೇಕ್ ಇರಬೇಕು," ಅಂದ ಇನ್ನೊಬ್ಬ.

ಅದನ್ನು ಕೇಳಿದ ಡ್ರೈವರು ತಾನೂ ಕೆಳಗಿಳಿದು ಬಂದು ಗಾಲಿಯ ಹಿಂದೆ ಬಗ್ಗಿ ನೋಡತೊಡಗಿದ.

ಡ್ರೈವರೂ ಇಳಿದ ಮೇಲೆ ಹತ್ತುವವರು ಯಾರು? ಅಪ್ಪ ಕಿಟಕಿಯ ಹತ್ತಿರ ಹೋದ. "ನೋಡ್ದಿ? ಬಸ್ ಬಂತು, ಆತು. ಇಳಿ ಕೆಳಗ."

"ಇಳಿಯಂಗಿಲ್ಲ," ಅಂದಳು ಹುಡುಗಿ. ಖಾಲಿ ಬಸ್ಸಿನಲ್ಲಿ ಅವಳೊಬ್ಬಳೇ, ಎರಡೂ ಕೈಯಲ್ಲಿ ಮುಂದಿನ ಸೀಟಿನ ಸರಳು ಹಿಡಿದಿದ್ದಳು. ಮ್ಯಾನೇಜರು ಗಡಿಯಾರ ನೋಡಿಕೊಂಡರು.

ನಾನು ಕಟ್ಟೆ ಹತ್ತಿ ಕೂಗಿ ಹೇಳಿದೆ. "ಬ್ರೇಕ್ ಛಲೋ ಅದಾವ್ರಿ! ಶನಿವಾರ ನಮಗ ದೇವರ ರಜಾ. ಗಾಡಿ ಹತ್ತಂಗಿಲ್ಲ, ಕೆಲಸ ಮಾಡಂಗಿಲ್ಲ, ಒಲಿ ಹಚ್ಚಂಗಿಲ್ಲ."

ಗಂಡಸರು ತಲೆಯಾಡಿಸಿದರು. ಆದರೆ ಹೆಂಗಸರ ಗುಂಪಿನಲ್ಲಿ ಏನೋ ಸರಿದಾಡಿತು. ಹುಡುಗಿಯ ಅವ್ವ ಮುಂದೆ ಬಂದಳು.

"ಒಲಿ ಹಚ್ಚಂಗಿಲ್ಲ ಅಂದ್ರ? ಅಡಗಿ?"

"ಇಲ್ರಿ."

"ಚಹಾನೂ?"

"ಇಲ್ರಿ."

"ಗಂಡ ಬೈಯಂಗಿಲ್ಲೇನ್ರಿ?"

"ದೇವರ ಮಾತಿಗೆ ಹ್ಯಾಂಗ ಬೈತಾನ್ರಿ?"

ಅವಳು ಹಿಂದೆ ತಿರುಗಿ ಉಳಿದವರ ಮುಖ ನೋಡಿದಳು. "ಏ, ಈ ದೇವರು ತಿಳುವಳಿಕಿ ಇದ್ದಾವ ಅದಾನ," ಅಂದಳು. ಸೆರಗು ಸಿಕ್ಕಿಸಿಕೊಂಡು ಬಸ್ ಹತ್ತಿ ಮಗಳ ಪಕ್ಕ ಕೂತಳು. ಅವಳ ಹಿಂದೆ ನೆಗೆಣ್ಣಿ, ನೆಗೆಣ್ಣಿಯ ಹಿಂದೆ ಅತ್ತೆ, ಅತ್ತೆಯ ಹಿಂದೆ ಇಡೀ ಓಣಿ.

"ಎಲ್ಲಿಗಿ ನಡದೀರಿ?" ಅಂತ ಗಂಡಸೊಬ್ಬ ಕೂಗಿದ.

"ಔರಾದಕ್ಕ!"

"ಅಲ್ಲೇನು ಕೆಲಸ?"

"ಏನೂ ಇಲ್ಲ. ಇವತ್ತ ಕೆಲಸ ಮಾಡಂಗಿಲ್ಲಲಾ!"

ಸೀಟು ಸಾಲದೆ ಮ್ಯಾನೇಜರು ಬಾಗಿಲಲ್ಲಿ ಜೋತುಬಿದ್ದರು. ಪೂಜೆ ಮುಗಿಸಿ ಬಂದ ಬಾಯಾರು ಡ್ರೈವರನ್ನು ಗದರಿ ಹತ್ತಿಸಿ ತಾವೂ ಹತ್ತಿದರು. ಬಸ್ಸು ಧೂಳೆಬ್ಬಿಸಿ ಹೋಯಿತು.

ಊರಲ್ಲಿ ಉಳಿದವರು ಗಂಡಸರು, ಒಲೆ ಹಚ್ಚಬಾರದ ನಾವು ನಾಲ್ವರು. ಬಿಸಿಲೇರಿತು. ಹುಡುಗಿಯ ಅಪ್ಪ ಎರಡು ಸಲ ಅಡುಗೆಮನೆಯ ಬಾಗಿಲತನಕ ಹೋಗಿ ಬಂದ. ಕೊನೆಗೆ ನನ್ನ ಮುಂದೆ ನಿಂತ.

"ಮೇಡಂ, ಹಂಗಾರ ಈಗ ಚಹಾ ಯಾರು ಮಾಡ್ತಾರ್ರಿ?"

ಮಾವಶಿಗೆ ಕೇಳಿದೆ. ಮಾವಶಿ ಶಾಸ್ತ್ರ ತಿಳಿಸಿದರು: "ನಮಗೋಸ್ಕರ ಮಾಡಬಾರದು. ತನಗೋಸ್ಕರ ಮಾಡಿಕೊಂಡು, ಉಳಿದರೆ ನಮಗೂ ಕೊಡಬಹುದು."

ಅವನು ಒಳಗೆ ಹೋದ. ಪಾತ್ರೆ ಬಿದ್ದ ಸದ್ದಾಯಿತು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಹಾಕಿದ ಸದ್ದಾಯಿತು. ಹೆಂಡತಿ ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಅವನು ಮಗಳಿಗೆ ಫೋನ್ ಹಚ್ಚಿ, ನಮಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ಸಕ್ಕರೆ ಎಲ್ಲಿ ಇಟ್ಟಿದ್ದೀರಿ ಎಂದು ಕೂಗಿದ.

ಆ ಕಡೆಯಿಂದ ಪಿಸುದನಿ ಬಂತು: "ಅಪ್ಪಾ, ಆಮ್ಯಾಗ ಹಚ್ಚು. ಕ್ಲಾಸಿನ್ಯಾಗ ಅದೀನಿ."